ಹೊಸ್ತಿಲಲ್ಲೇ ಮುಗ್ಗರಿಸುವ ಕಂಪ್ಯೂಟರುಗಳು

ಕಂಪ್ಯೂಟರು ಕೆಟ್ಟಿದೆ ಅಂತ ಫೋನು ಬರುವುದು, ನಾನು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿ ಹೋಗುವುದು, ಮುಂದೆ ಕೂತ ಕೂಡಲೇ ಅದು ಏನೂ ಆಗಿಲ್ಲವೆಂಬಂತೆ ಚಾಲೂ ಆಗುವುದು, ಮನೆಯವರು ನನ್ನನ್ನೇ ಅನುಮಾನದಿಂದ ನೋಡುವುದು, ಇದು ನನ್ನ ಕಸುಬಿನಲ್ಲಿ ನಡೆಯುತ್ತಲೇ ಬಂದದ್ದು. ಡಾಕ್ಟರ ಮುಂದೆ ಜ್ವರ ಇಳಿಸಿಕೊಳ್ಳುವ ಮಕ್ಕಳ ಹಾಗೆ ಈ ಯಂತ್ರಗಳು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ದಾಂಡೇಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲಿ ಕಂಪ್ಯೂಟರು ಮುನಿಸಿಕೊಂಡರೂ ನನಗೇ ಕರೆ. ಹೆಚ್ಚಿನವಕ್ಕೆ ಒಂದೇ ರೋಗ. ಬಟನ್ ಒತ್ತಿದರೆ ಏಳುತ್ತಿದ್ದವು. ಹೆಸರು ಬರೆದು, ಪಾಸ್‌ವರ್ಡ್ ಹಾಕಿ ಎಂಟರ್ ಹೊಡೆದರೆ ಸಾಕು, ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಹೊಸ್ತಿಲ ತನಕ ಬಂದು ಒಳಗೆ ಕಾಲಿಡಲೊಲ್ಲದ ಹೊಸ ಸೊಸೆಯಂತೆ.

ಈಗ ಎಲ್ಲರ ಜೇಬಿನಲ್ಲೂ ಫೋನು. ನಾನು ಅದೇ ಅಂಗಡಿಯಲ್ಲಿ ಕೂತು ಅವಕ್ಕೆ ಗಾಜು ಅಂಟಿಸುತ್ತೇನೆ. ಹಳಿಯಾಳದ ಬಸ್ಸು ಹಾರ್ನ್ ಹೊಡೆದಾಗ, ಹೋಗಿ ಹತ್ತಿಬಿಡಲೇ ಅನಿಸುತ್ತದೆ. ಹತ್ತಬಹುದು. ಇಳಿದ ಮೇಲೆ ‘ಬರ್ರಿ, ನಿಮ್ಮ ಹಾದಿನ ಕಾಯಾಕತ್ತಿದ್ವಿ’ ಅನ್ನುವವರು ಯಾರೂ ಇಲ್ಲ.

ಕೌದಿ

ಮುಂಡಗೋಡ ಕಡೆಯ ಚಿಗಳ್ಳಿಯಲ್ಲಿ ಬೀಜ-ಗೊಬ್ಬರದ ವ್ಯಾಪಾರ ಮಾಡುವ ಒಬ್ಬರು ಮನೆಗೆ ಕಂಪ್ಯೂಟರು ತಂದಿದ್ದರು. ದಿನಾ ಅದು ಪಾಸ್‌ವರ್ಡ್ ಹಾಕುವಷ್ಟರಲ್ಲಿ ಆರಿಹೋಗುತ್ತಿತ್ತು. ನಾನು ಹೋದೆ. ಚೆನ್ನಾಗಿಯೇ ಇತ್ತು. ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡು ವಾಪಸು ಬಂದೆ. ಮರುದಿನ ಫೋನು:

“ನೀವು ಬಸ್ ಹತ್ತೂದ ತಡ, ಮತ್ತ ಬಿತ್ತ ನೋಡ್ರಿ.”

ಇನ್ನೊಮ್ಮೆ ಹೋದೆ. ಮತ್ತೆ ಚೆನ್ನಾಗಿತ್ತು, ಪಲ್ಯವೂ. ಆಮೇಲೆ ಒಂದು ದಿನ ಹೇಳದೇ ಕೇಳದೇ ಹೋಗಿ ನಿಂತೆ. ನಡುಮನೆಯ ಮೇಜಿನ ಮೇಲೆ ಒಂದು ದೊಡ್ಡ ಗಂಟು. ಕಂಪ್ಯೂಟರಿನ ಡಬ್ಬಿಗೆ ದಪ್ಪನೆಯ ಕೌದಿ ಹೊದಿಸಿ, ಸುತ್ತಲೂ ಅಂಚು ಒತ್ತಿ ಸಿಗಿಸಿದ್ದರು. ಪಕ್ಕದಲ್ಲಿ ಮಾಲೀಕರ ತಾಯಿ ಕಾವಲು.

“ಇದೇನ್ರಿ ಅಜ್ಜಿ?”

“ಏಟ್ ಥಂಡಿ ಐತಿ ನೋಡೋ ತಮ್ಮಾ. ಹಿಂದ ಕೈ ಇಟ್ಟು ನೋಡು, ಮೈ ಸುಡತೈತಿ ಅದಕ್ಕ. ಗುರ್ರ್ ಗುರ್ರ್ ಅಂತ ಒಂದ ಸವನ ಉಸರು ಬಿಡತೈತಿ.”

ನಾನು ಬರುತ್ತೇನೆಂದು ತಿಳಿದ ದಿನ ಮಾತ್ರ, ಪರ ಊರಿನವರ ಮುಂದೆ ಹಳೆ ಕೌದಿ ಬೇಡವೆಂದು ತೆಗೆದು ಮಡಚಿಡುತ್ತಿದ್ದರಂತೆ! ಆ ಡಬ್ಬಿಗೆ ಗಾಳಿ ಬೇಕು, ಇಲ್ಲದಿದ್ದರೆ ಕಾದು ತಾನೇ ಆರಿಹೋಗುತ್ತದೆ ಎಂದು ಅಜ್ಜಿಗೆ ಬಗೆಬಗೆಯಾಗಿ ಹೇಳಿ ಬಂದೆ. ವಾರದ ಮೇಲೆ ಮಗ ಫೋನ್ ಮಾಡಿದರು.

“ಕಂಪ್ಯೂಟರ್ ಆರಾಮ ಐತ್ರಿ. ಅವ್ವ ನನ್ನ ಕೂಡ ಮಾತು ಬಿಟ್ಟಾಳ. ‘ನಾಳೆ ನನಗ ಜ್ವರಾ ಬಂದ್ರೂ ಹಿಂಗ ಕೌದಿ ಕಸ್ಕೊಂಡು ಗಾಳಿಗೆ ಕುಂಡ್ರಸಾಂವ ನೀ’ ಅಂತಾಳ.”

ಒಳಗ ಹೋದ್ರೇನ್ರಿ?

ಜೋಯಿಡಾ ಕಡೆಯ ಒಂದು ಪುಟ್ಟ ಕಚೇರಿ. ಅಲ್ಲಿದ್ದವರು ಒಬ್ಬರೇ ಗುಮಾಸ್ತರು, ಗದಗಿನ ಕಡೆಯಿಂದ ವರ್ಗವಾಗಿ ಬಂದವರು. ಹೆಂಡತಿ ಊರಲ್ಲಿ. ಕಾಡಿನೂರಿಗೆ ಬರಲು ಆಕೆ ಒಪ್ಪಿರಲಿಲ್ಲ. ಇವರು ಆಕೆಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದರು.

“ಅಕಿ ಹೆಸರು ಬರದ ಕೂಡ್ಲೆ ಢಂ ಅಂತೈತ್ರಿ. ಅಕಿ ಸಿಟ್ಟು ಇನ್ನೂ ಇಳದಿಲ್ಲ ಅನಸ್ತೈತಿ.”

“ಬ್ಯಾರೆ ಹೆಸರು ಇಟ್ಟು ನೋಡೂಣೇನ್ರಿ?”

“ಬ್ಯಾಡ್ರಿ. ದಿನಾ ಮುಂಜಾನೆ ಅದೊಂದ ನನಗ ಸಮಾಧಾನ” ಎಂದು ಕಿಟಕಿಯ ಹೊರಗೆ ನೋಡಿದರು.

ಆಕೆಯದೇನೂ ತಪ್ಪಿರಲಿಲ್ಲ. ಗೋಡೆಯಾಚೆ ಹಿಟ್ಟಿನ ಗಿರಣಿ. ಇವರು ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಹೆಂಡತಿಯ ಹೆಸರು ಬರೆಯುವ ಹೊತ್ತಿಗೂ, ಅಲ್ಲಿ ಗಿರಣಿಯವನು ಮೋಟಾರು ಹಚ್ಚುವ ಹೊತ್ತಿಗೂ ಸರಿಹೋಗುತ್ತಿತ್ತು. ಮೋಟಾರು ಏಳುವಾಗ ಓಣಿಯ ದೀಪವೆಲ್ಲ ಒಮ್ಮೆ ಮಂಕಾಗಿ, ಕಂಪ್ಯೂಟರು ಬೀಳುತ್ತಿತ್ತು. ಕರೆಂಟು ಹೋದರೆ ಹಿಡಿಯಬೇಕಾದ ಬ್ಯಾಟರಿ ಯಾವಾಗಲೋ ಸತ್ತಿತ್ತು. ಒಳಗೆ ಹೋಗುವಾಗಲೇ ಕಂಪ್ಯೂಟರಿಗೆ ಭಾರ ಹೆಚ್ಚು, ಹೋಗಿ ಕೂತ ಮೇಲೆ ಅಷ್ಟು ಏರಿಳಿತ ತಡೆದುಕೊಳ್ಳುತ್ತಿತ್ತು. ಹೊಸದು ಬರುವ ತನಕ ಏನು ಮಾಡುವುದು? ನಾನೇ ಹೋಗಿ ಗಿರಣಿಯವನನ್ನು ಒಪ್ಪಿಸಿದೆ: ಸಾಹೇಬರು ಕಂಪ್ಯೂಟರಿನ ಒಳಗೆ ಹೋದರೋ ಇಲ್ಲವೋ ಕೇಳಿಕೊಂಡು ಆಮೇಲೆ ಮೋಟಾರು ಹಚ್ಚಬೇಕು.

ಒಳ್ಳೆಯ ಮನುಷ್ಯ. ಅಂದಿನಿಂದ ತಪ್ಪದೇ ಗೋಡೆಯ ಆಚೆಯಿಂದ ಕೂಗುತ್ತಿದ್ದ:

“ಸಾಹೇಬ್ರ, ಒಳಗ ಹೋದ್ರೇನ್ರಿ?”

“ಇನ್ನೂ ಇಲ್ಲೋ, ತಡೀ!”

“ಈಗರ ಆತೇನ್ರಿ?”

“ಹಾಂ, ಆತಪಾ, ಆತು!”

ಗಿರಣಿಯ ಮುಂದೆ ಅಕ್ಕಿಯ ಡಬ್ಬಿ ಹಿಡಿದು ಸಾಲಾಗಿ ನಿಂತ ಹೆಂಗಸರು ದಿನಾ ಇದನ್ನು ಕೇಳುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳು ಮುದುಕಿ ಕಚೇರಿಯ ಮೆಟ್ಟಿಲು ಹತ್ತಿ ಬಂದು, ಗುಮಾಸ್ತರ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳಂತೆ.

“ಅಳಲೆಕಾಯಿ ಪುಡಿ ಐತ್ರಿ ಸಾಹೇಬ್ರ. ಮಲಗೂ ಮುಂದ ಬಿಸಿನೀರಾಗ ತಗೋರಿ. ಮುಂಜಾನೆ ಸಲೀಸ ಆಗತೈತಿ, ಊರಿಗೆಲ್ಲ ಒದರಿ ಹೇಳೂದು ತಪ್ಪತೈತಿ.”

ದಪ್ಪ ಅಕ್ಷರ

ಹಳಿಯಾಳದ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುವ ಟೀಚರೊಬ್ಬರಿದ್ದರು, ಬಾಯಿಯವರು ಅನ್ನುತ್ತಿದ್ದರು ಎಲ್ಲರೂ. ನನಗಿನ್ನೂ ಮದುವೆಯಾಗಿರಲಿಲ್ಲ, ಅವರಿಗೂ. ಅವರ ಕ್ಲಾಸಿಗೆ ಬಂದ ಒಂದೇ ಒಂದು ಕಂಪ್ಯೂಟರು ಆಗಾಗ ಹೆಸರು ಬರೆಯುವ ಹೊತ್ತಿಗೆ ಬೀಳುತ್ತಿತ್ತು. ನಾನು ಹೋಗಿ ಬಿಚ್ಚಿ, ಧೂಳು ಹೊಡೆದು, ಒಳಗಿನ ಕಾರ್ಡು ಒತ್ತಿ ಕೂರಿಸಿದರೆ ಸರಿ. ಸ್ವಲ್ಪ ದಿನ ಬಿಟ್ಟು ಮತ್ತೆ ಕರೆ.

ಅವರು ಏಲಕ್ಕಿ ಹಾಕಿದ ಚಹಾ ತರಿಸುತ್ತಿದ್ದರು. “ನೀವು ಬಂದ್ರ ಇದು ಎಷ್ಟು ಶಾಣ್ಯಾ ಆಗತೈತಿ ನೋಡ್ರಿ” ಅನ್ನುತ್ತಿದ್ದರು. ಆ ಒಂದು ಮಾತನ್ನು ನಾನು ದಾಂಡೇಲಿಯ ತನಕ ಬಸ್ಸಿನಲ್ಲಿ ಮೆಲುಕು ಹಾಕುತ್ತಾ ಬರುತ್ತಿದ್ದೆ. ಕಿಟಕಿಯ ಸೀಟೇ ಬೇಕಾಗುತ್ತಿತ್ತು.

ಒಮ್ಮೆ ಅವರೇ ಹೇಳಿದರು, “ಪರೀಕ್ಷಾ ಹತ್ರ ಬಂತ್ರಿ. ಈ ಸಲ ಒಟ್ಟ ಕೆಡದಂಗ ಮಾಡಿಕೊಡ್ರಿ.”

ಅವರು ಬಾಯಿಬಿಟ್ಟು ಕೇಳಿದ್ದು. ಕಾರ್ಡು ಹೊಸದು, ಪವರ್ ಸಪ್ಲೈ ಹೊಸದು, ವೈರು ಒಂದೊಂದೂ ಹೊಸದು. ಜೀವ ಹಾಕಿ ಕೆಲಸ ಮಾಡಿದೆ. ಆಮೇಲೆ ಫೋನೇ ಇಲ್ಲ. ಅಂಗಡಿಯ ಫೋನು ಸತ್ತಿದೆಯೇನೋ ಎಂದು ಎದುರಿನ ಎಸ್‌ಟಿಡಿ ಬೂತಿನಿಂದ ನನಗೆ ನಾನೇ ಹಚ್ಚಿ ನೋಡಿದೆ. ಚೆನ್ನಾಗಿ ಬಡಿದುಕೊಳ್ಳುತ್ತಿತ್ತು.

ಕೊನೆಗೊಂದು ದಿನ ಅವರದೇ ಧ್ವನಿ. “ಸ್ವಲ್ಪ ಬಂದು ಹೋಗ್ತೀರೇನ್ರಿ? ಅರ್ಜೆಂಟ್ ಐತಿ.”

ಹೊಸ ಅಂಗಿ ಹಾಕಿಕೊಂಡು ಹೋದೆ. ಕಂಪ್ಯೂಟರು ಚೆನ್ನಾಗಿಯೇ ಓಡುತ್ತಿತ್ತು. ಪರದೆಯ ಮೇಲೆ ಲಗ್ನಪತ್ರಿಕೆ, ಅವರದೇ. ಒಂದು ಪುಟಕ್ಕೆ ಹಿಡಿಸುತ್ತಿರಲಿಲ್ಲವಂತೆ.

“ನಿಮ್ಮಷ್ಟು ಚೊಲೋ ಯಾರಿಗೂ ಬರೂದಿಲ್ರಿ” ಅಂದರು. ಕೂತು ಹಿಡಿಸಿಕೊಟ್ಟೆ.

“ವರನ ಹೆಸರು ಒಂಚೂರು ದಪ್ಪ ಮಾಡ್ರಿ.”

ಮಾಡಿದೆ.

“ಇನ್ನೊಂಚೂರು.”

ಆ ಹೆಸರು ಪರದೆಯ ತುಂಬ ಉಬ್ಬುತ್ತಾ ಹೋಯಿತು. ಈಗ ಒಮ್ಮೆ ಬೀಳಪ್ಪಾ, ಈಗೊಮ್ಮೆ ಕಪ್ಪಾಗು ಎಂದು ಮನಸ್ಸಿನಲ್ಲೇ ಕಂಪ್ಯೂಟರಿಗೆ ಬೇಡಿಕೊಂಡೆ. ಬೀಳಲಿಲ್ಲ. ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ ನಾನು.

ಯಾಕ್ ಬಿಟ್ಟಿ?

ಮುಂಡಗೋಡದ ಟಿಬೆಟನ್ ಕ್ಯಾಂಪಿನಲ್ಲಿ ಸ್ವೆಟರ್ ಮಾರುವ ಒಬ್ಬ ವಯಸ್ಸಾದ ಹೆಂಗಸಿದ್ದರು. ಎಲ್ಲರೂ ಅಮಾಲಾ ಅನ್ನುತ್ತಿದ್ದರು, ಅವರ ಮಾತಿನಲ್ಲಿ ಅಮ್ಮಾವರು ಎಂದ ಹಾಗೆ. ಹುಡುಗಿಯಾಗಿದ್ದಾಗ ಟಿಬೆಟ್ ಬಿಟ್ಟು ಗುಡ್ಡ ದಾಟಿ ಬಂದವರು. ಥಂಡಿಗಾಲಕ್ಕೆ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ವ್ಯಾಪಾರ ಮಾಡಿ ಮಾಡಿ, ಕನ್ನಡ ನನಗಿಂತ ಖಡಕ್ ಆಗಿತ್ತು.

ಜೊತೆಗೇ ಹೊರಟ ಅವರ ಅಣ್ಣ ದಾರಿಯಲ್ಲಿ ಬೇರೆ ಗುಂಪಿಗೆ ಸೇರಿ, ಎಲ್ಲೆಲ್ಲೋ ಸುತ್ತಿ, ದೂರದ ಯಾವುದೋ ಹಿಮದ ದೇಶದಲ್ಲಿ ನೆಲೆ ನಿಂತಿದ್ದರು. ಫೋನಿನಲ್ಲಿ ಯಾವಾಗಲೋ ಒಮ್ಮೆ ಅವಸರದ ಮಾತು. ಮುಖ ನೋಡಿ ನಲವತ್ತು ವರ್ಷದ ಮೇಲಾಗಿತ್ತು. ಕಂಪ್ಯೂಟರಿನಲ್ಲಿ ಮುಖ ಕಾಣುತ್ತದೆಂದು ಯಾರೋ ಹೇಳಿದ್ದೇ ತಡ, ಅಮಾಲಾ ಹಳೆಯದೊಂದನ್ನು ಕೊಂಡು ಕ್ಯಾಮೆರಾ ಹಚ್ಚಿಸಿದರು. ಆದರೆ ಪಾಸ್‌ವರ್ಡ್ ಹಾಕಿದೊಡನೆ ಅದು ಬೀಳುತ್ತಿತ್ತು.

“ಅಲ್ಲಿ ಅಂವ ಕುಂತಿರ್ತಾನ, ಇಲ್ಲಿ ನಾ ಕುಂತಿರ್ತೇನಿ. ನಡುವ ಈ ಡಬ್ಬಿ ಸಾಯತೈತಿ. ಏನರ ಮಾಡೋ ತಮ್ಮಾ.”

ಅಂದು ಅವರು ರೇಷ್ಮೆಯ ನಿಲುವಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ ಕೂತಿದ್ದರು. ಹೀಗೇ ಸಿಂಗರಿಸಿಕೊಂಡು ಕೂತು ಎಷ್ಟು ಸಲ ಎದ್ದು ಹೋಗಿದ್ದರೋ. ಕ್ಯಾಮೆರಾದ ಸಾಫ್ಟ್‌ವೇರು ಬೇರೆ ಯಾವುದೋ ಮಾದರಿಯದು. ಒಳಗೆ ಹೋಗುವ ಹೊತ್ತಿಗೆ ಅದೂ ಎದ್ದು ಎಲ್ಲವನ್ನೂ ಕೆಡವುತ್ತಿತ್ತು. ಅದನ್ನು ತೆಗೆದು ಸರಿಯಾದದ್ದು ಹಾಕಿದೆ. ಹೆಸರು, ಪಾಸ್‌ವರ್ಡ್, ಎಂಟರ್. ಒಳಗೆ ಹೋಯಿತು. ಅಣ್ಣನಿಗೆ ಕರೆ ಹಚ್ಚಿದೆ.

ಮೊದಲು ಚೌಕ ಚೌಕ ಬಣ್ಣ. ಆಮೇಲೆ ಅದರೊಳಗಿಂದ ಮೆಲ್ಲಗೆ ಒಬ್ಬ ಮುದುಕ ಮೂಡಿದ. ಅಮಾಲಾ ಪರದೆಯ ಮೇಲೆ ಬೆರಳಿಟ್ಟು ಆತನ ಹುಬ್ಬು ಸವರಿದರು. ನಾನು ಗೋಡೆಯ ಕಡೆ ತಿರುಗಿದೆ.

ಅಣ್ಣ ಏನೋ ಒಂದು ಮಾತು ಅಂದ. ಅಮಾಲಾರ ಮುಖ ಕೆಂಪಗಾಯಿತು. ತಾರಕದಲ್ಲಿ ಏನೇನೋ ಕೂಗಿ, ಎದ್ದು ಗೋಡೆಯ ಪ್ಲಗ್ಗನ್ನೇ ಕಿತ್ತು ಹಾಕಿದರು!

“ಏನಾತ್ರಿ ಅಮಾಲಾ? ಏನಂದ್ರು?”

“ಯಾಕ್ ಬಿಟ್ಟಿ ಅಂದ! ನಲವತ್ತು ವರ್ಷ ಆದ ಮ್ಯಾಲ ನನ್ನ ಮುಖಾ ನೋಡಿ, ಯಾಕ್ ಬಿಟ್ಟಿ ಅಂತಾನ!”

ನಾನು ಸಮಾಧಾನ ಹೇಳಹೋದೆ. “ಅಣ್ಣ ಅಲ್ರೇನ್ರಿ. ದಾರ್‍ಯಾಗ ಕೈ ತಪ್ಪಿದ ನೋವು ಅವರಿಗೂ ಇರತೈತಿ. ಅದಕ್ಕ ಕೇಳ್ಯಾರ, ಯಾಕ ಬಿಟ್ಟಿ ನನ್ನ ಅಂತ…”

“ಎಂಥಾ ನೋವೋ ಹುಚ್ಚಪ್ಪಾ! ಯಾಕ್! ಯಾಕ್! ಕೋಡು ಇರ್ತಾವಲ್ಲ, ಮೈತುಂಬ ಕೂದಲಾ, ಕರೀ ಎಮ್ಮಿ ಹಂಗ! ಅದರ ಹಗ್ಗಾ ನಾ ಬಿಟ್ಟೆನಂತ!”

ಸಣ್ಣವರಿದ್ದಾಗ ಮನೆಯ ಯಾಕ್ ಹಗ್ಗ ಬಿಡಿಸಿಕೊಂಡು ಓಡಿಹೋಗಿತ್ತಂತೆ. ಅಪ್ಪ ಇಬ್ಬರಿಗೂ ಹೊಡೆದಿದ್ದರು. ಮುಂದೆ ಕೆಲವೇ ದಿನಕ್ಕೆ ಮಕ್ಕಳು ಗುಡ್ಡ ದಾಟಿದರು. ಅಪ್ಪ ಆ ಕಡೆಯೇ ಉಳಿದು, ಅಲ್ಲೇ ತೀರಿಕೊಂಡರು. ಹಗ್ಗ ಬಿಟ್ಟವರು ಯಾರೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ.

ಅಮಾಲಾ ಮತ್ತೆ ಬಂದು ಪರದೆಯ ಮುಂದೆ ಕೂತರು. ಸೆರಗಿಲ್ಲದ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. “ಮತ್ತ ಹಚ್ಚು” ಅಂದರು.

“ಜಗಳಾ ಬ್ಯಾಡ್ರಿ ಅಮಾಲಾ.”

“ಜಗಳಾ ಇನ್ನ ಎಲ್ಲೆ ಆಗೇತಿ? ಹಚ್ಚು ಅಂದ್ರ ಹಚ್ಚು.”

ಹಚ್ಚಿದೆ. ಅಣ್ಣ ಕೂತಲ್ಲೇ ಕೂತಿದ್ದ, ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಹತ್ತಿರ. ಈ ಸಲ ಅಮಾಲಾ ಬಾಯಿ ತೆರೆಯುವ ಮೊದಲೇ ಆತ ತಲೆ ತಗ್ಗಿಸಿ, ಮೆಲ್ಲನೆ ಏನೋ ಹೇಳಿದ. ಅಮಾಲಾ ಬಿದ್ದು ಬಿದ್ದು ನಗತೊಡಗಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ನಗು ನಿಲ್ಲಲಿಲ್ಲ.

“ಏನಂತ್ರಿ?” ಎಂದೆ.

“ಹಗ್ಗಾ ಅವನ ಬಿಟ್ಟಿದ್ನಂತೋ ತಮ್ಮಾ” ಅಂದರು ಅಮಾಲಾ. “ಅಪ್ಪಗ ಹೇಳಬ್ಯಾಡ ಅಂತಾನ.”