ಡಾಕ್ಟ್ರಮ್ಮನ ಕೊಳೆಬೇಟೆ

ಕೇಳದೆ ಮಾಡಿದ್ದರೆ ಏನೂ ಆಗುತ್ತಿರಲಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಬಾಗಿಲ ಹಿಡಿಯ ಮೇಲೆ ಒಮ್ಮೆ ಆಡಿಸಿ, ಗಾಜಿನ ಕೊಳವೆಗೆ ಹಾಕಿ, ಬಿರಡೆ ಒತ್ತಿ ಹೊರಟುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೇರೆಯವರ ಮನೆಯ ವಸ್ತುವನ್ನು ಮುಟ್ಟುವ ಮುಂಚೆ ಒಂದು ಮಾತು ಕೇಳಬೇಕೆಂದು ತಾಯಿ ಕಲಿಸಿದ್ದಳು. ಒಳ್ಳೆಯ ಬುದ್ಧಿಯೇ. ಅವತ್ತಿನ ಮಟ್ಟಿಗೆ ಅದೇ ಕುತ್ತಿಗೆಗೆ ಬಂತು.

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಅವಳು ಓದುತ್ತಿದ್ದದ್ದು ಕಾಲೇಜಿನ ಮೊದಲ ವರ್ಷದ ಜೀವಶಾಸ್ತ್ರ. ಜೀವಶಾಸ್ತ್ರ ಓದುವವರೆಲ್ಲ ಡಾಕ್ಟರೇ ಎಂಬುದು ನೆರೆಯವರ ಲೆಕ್ಕ. ಮೆಟ್ಟಿಲಲ್ಲಿ ಎದುರಾದವರು ನಿಂತಲ್ಲೇ ನಾಲಗೆ ಚಾಚಿ ತೋರಿಸುತ್ತಿದ್ದರು, ಮಂಡಿನೋವಿಗೆ ಏನು ಹಚ್ಚಲಿ ಎಂದು ಕೇಳುತ್ತಿದ್ದರು. ಪಾಪ, ಈರುಳ್ಳಿಯ ಪೊರೆಗಿಂತ ದೊಡ್ಡ ರೋಗಿಯನ್ನು ಅವಳು ಕಂಡವಳೇ ಅಲ್ಲ.

ಆ ಈರುಳ್ಳಿಯ ಮುಂದೆಯೂ ಅವಳು ಸೋತಿದ್ದಳು. ಹೋದ ವರ್ಷ ಲ್ಯಾಬಿನ ಮೊದಲ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಉದ್ದಕ್ಕೆ ಬಾಗಿದ ಕಪ್ಪು ಗೆರೆಗಳು. ಮೇಡಂ ಬಂದು ಚಿತ್ರವನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. "ಚೆನ್ನಾಗಿ ಬರೆದಿದ್ದೀಯಮ್ಮ. ಆದ್ರೆ ಇದು ನಿನ್ನ ರೆಪ್ಪೆ ಕೂದಲು." ಮರುವಾರ ಗುಂಡಗೆ ಹೊಳೆಯುವುದೇನನ್ನೋ ಬರೆದಳು. ಅದು ಗಾಳಿಗುಳ್ಳೆಯಾಗಿತ್ತು. ಬಣ್ಣ ಹಾಕುವ ದಿನ ಈರುಳ್ಳಿ ಬಿಳಿಯಾಗೇ ಉಳಿದು ಅವಳ ಅಂಗೈ ನೀಲಿಯಾಯಿತು. ವರ್ಷದ ಕೊನೆಗೆ ಲ್ಯಾಬಿನಲ್ಲಿ ನಪಾಸು. ಈಗ ತನಗಿಂತ ಚಿಕ್ಕವರ ಜೊತೆ, ಅವರಿಂದ ಅಕ್ಕ ಎನ್ನಿಸಿಕೊಂಡು, ಅದೇ ಬೆಂಚಿನಲ್ಲಿ ಅದೇ ಈರುಳ್ಳಿ.

ಆದರೂ ಈ ವರ್ಷ ಒಂದು ಸಂಗತಿ ನಡೆದಿತ್ತು. ತನ್ನ ಕೆನ್ನೆಯ ಒಳಗಿನಿಂದ ಕೆರೆದು ಗಾಜಿನ ಮೇಲೆ ಹರಡಿದ ಜೀವಕೋಶ ಅವಳಿಗೆ ನಿಜವಾಗಿ ಕಂಡಿತ್ತು. ಅಂಚು ಮಡಿಸಿದ ತೆಳ್ಳನೆಯ ಎಲೆಯ ಹಾಗೆ, ನಡುವೆ ಒಂದು ಚುಕ್ಕಿ. ಗಂಟೆ ಹೊಡೆದರೂ ಕಣ್ಣು ತೆಗೆಯದೆ, "ಇದು ನಾನೇನಾ?" ಎಂದು ಪಕ್ಕದವಳನ್ನು ಕೇಳಿದ್ದಳು. ಅವತ್ತಿನಿಂದ ಅವಳಿಗೆ ಈ ಓದು ಬೇಕೇಬೇಕು ಅನ್ನಿಸಿತ್ತು.

ಬೇಕು ಅಂದ ಮಾತ್ರಕ್ಕೆ ಆಗಬೇಕಲ್ಲ. ಎರಡನೆಯ ಸಲವೂ ಲ್ಯಾಬಿನಲ್ಲಿ ನಪಾಸಾದರೆ ಹೆಸರು ಕಿತ್ತುಹಾಕುತ್ತಾರೆ. ತಾಯಿಗೆ ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ. "ಈ ಸಲವೂ ಆಗಲಿಲ್ಲ ಅಂದ್ರೆ ಅಂಗಡಿಗೆ ಬಂದ್ಬಿಡು ಮಗಳೇ, ಕಾಜಾ ಹೊಲಿಯೋಕೆ ಯಾರೂ ಇಲ್ಲ" ಎಂದಿದ್ದಳು. ಸಿಟ್ಟಿನಿಂದ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ತಟ್ಟೆಗೆ ಊಟ ಬಡಿಸುತ್ತ ಮೆತ್ತಗೆ ಹೇಳಿದ್ದಳು.

ಉಳಿದದ್ದು ಕೊನೆಯ ಕೆಲಸ. ಜನ ಮುಟ್ಟುವ ಮೂರು ಬೇರೆ ಬೇರೆ ಜಾಗಗಳನ್ನು ಆರಿಸಿ ಮೇಡಂಗೆ ಮೊದಲೇ ಹೇಳಬೇಕು. ಅಲ್ಲಿ ಕಡ್ಡಿ ಆಡಿಸಿ ತಂದು, ಕ್ರಿಮಿಗಳಿಗೆ ಆಹಾರವಾಗುವ ಪಾಕವನ್ನು ಹೆಪ್ಪುಗಟ್ಟಿಸಿದ, ಮುಚ್ಚಳವಿರುವ ಗಾಜಿನ ಬಟ್ಟಲುಗಳಿಗೆ ಸವರಬೇಕು. ಬಟ್ಟಲು ಬೆಚ್ಚನೆಯ ಬೀರುವಿನಲ್ಲಿ ಎರಡು ದಿನ ಇದ್ದರೆ, ಕಣ್ಣಿಗೆ ಕಾಣದ ಕ್ರಿಮಿಗಳು ಬೆಳೆದು ಚುಕ್ಕಿಗಳಾಗಿ ಕಾಣುತ್ತವೆ. ಯಾವ ಜಾಗದಲ್ಲಿ ಯಾವ ಬಗೆ, ಎಷ್ಟು ಎಂದು ಹೋಲಿಸಿ ಹೇಳಿದರೆ ಪಾಸು. "ಹೇಳಿದ ಜಾಗ ಬದಲಾಯಿಸೋ ಹಾಗಿಲ್ಲ. ಇವತ್ತು ಸಂಜೆ ಲ್ಯಾಬ್ ಮುಚ್ಚೋದ್ರೊಳಗೆ ತರಬೇಕು" ಎಂದಿದ್ದರು ಮೇಡಂ.

ಡಾಕ್ಟ್ರಮ್ಮ ಆರಿಸಿದ್ದು ಕಟ್ಟಡದ ಮೆಟ್ಟಿಲ ಕಂಬಿ, ಬೀದಿಯ ಕ್ಷೌರದಂಗಡಿಯ ಕುರ್ಚಿಯ ಕೈ, ಮತ್ತು ಕೆಳಗಿನ ಮನೆಯ ರೇಡಿಯೋ ಅತ್ತೆಯ ಬಾಗಿಲ ಹಿಡಿ. ಅತ್ತೆಯ ಮನೆಯಲ್ಲಿ ರೇಡಿಯೋ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸುದ್ದಿ ಕೊಡುವವರು, ಕೊಳ್ಳುವವರು ಬೆಳಗಿನಿಂದ ಸಂಜೆಯವರೆಗೆ ಆ ಬಾಗಿಲ ಹಿಡಿಯನ್ನು ತಿರುವುತ್ತಲೇ ಇದ್ದರು.

"ಅತ್ತೆ, ನಿಮ್ಮ ಬಾಗಿಲ ಹಿಡಿಗೆ ಈ ಕಡ್ಡೀನ ಒಂದ್ಸಲ ಉಜ್ಜಲಾ?"

"ಉಜ್ಜು ಮಗಳೇ, ಅದಕ್ಕೇನಂತೆ. ಯಾತಕ್ಕೆ?"

"ಎಷ್ಟು ಕ್ರಿಮಿ ಇದೆ ಅಂತ ನೋಡೋಕೆ. ಕಾಲೇಜಿನ ಕೆಲಸ."

ಅತ್ತೆಯ ಮುಖದಲ್ಲಿದ್ದ ನಗು ನೀರು ಬಿದ್ದ ಸುಣ್ಣದ ಗೋಡೆಯ ಹಾಗೆ ಒಂದೊಂದು ಕಡೆಯಿಂದ ಉದುರಿತು. "ಕ್ರಿಮೀನಾ? ನಮ್ಮ ಬಾಗಿಲಲ್ಲಿ? ಕಾಲೇಜಿನವರು ನೋಡ್ತಾರಾ?"

"ಮೇಡಂ ನೋಡ್ತಾರೆ. ಹೋಲಿಸಿ ಹೇಳ್ಬೇಕು, ಯಾವ ಜಾಗದಲ್ಲಿ ಜಾಸ್ತಿ ಅಂತ."

"ಹೋಲಿಸ್ತೀಯಾ. ಯಾರ ಜೊತೆ?"

"ಮೆಟ್ಟಿಲ ಕಂಬಿ ಇದೆ, ಆಮೇಲೆ ಕ್ಷೌರದಂಗಡಿ."

"ಕ್ಷೌರದಂಗಡಿ ಜೊತೆ ನನ್ನ ಬಾಗಿಲು ಹೋಲಿಸ್ತೀಯಾ ತಾಯಿ?" ಎಂದರು ಅತ್ತೆ ಬಹಳ ಸಮಾಧಾನವಾಗಿ. "ಆಯ್ತು, ಹೋಲಿಸು. ಮೊದ್ಲು ಮೇಲೆ ಹೋಗಿ ಒಂದು ಲೋಟ ನೀರು ಕುಡ್ಕೊಂಡು ಬಾ. ಮುಖ ಬಾಡಿದೆ."

ನೀರು ಕುಡಿದು ಇಳಿಯುವಷ್ಟರಲ್ಲಿ ಮೂಗಿಗೆ ಫಿನಾಯಿಲ್ ವಾಸನೆ ಬಡಿಯಿತು. ಅತ್ತೆ ಸೆರಗು ಸಿಕ್ಕಿಸಿಕೊಂಡು, ಬಕೆಟ್ಟು ಪಕ್ಕಕ್ಕಿಟ್ಟು, ಬಾಗಿಲ ಹಿಡಿಯನ್ನು ಮಗುವಿನ ಕಿವಿ ತೊಳೆಯುವ ಹಾಗೆ ಸಂದುಗೊಂದು ಬಿಡದೆ ಒರೆಸುತ್ತಿದ್ದರು. ಒರೆಸುವ ಬಟ್ಟೆ ಒಂದು ಕಾಲದಲ್ಲಿ ಹಳದಿ ಬಣ್ಣದ್ದಿರಬೇಕು. ಅತ್ತೆಯದು ಬಿಗಿ ಕೈ. ಫಿನಾಯಿಲ್ ಬಾಟಲಿ ಅರ್ಧವಾದಾಗಲೆಲ್ಲ ನೀರು ತುಂಬಿಸಿ ತುಂಬಿಸಿ, ಅದರಲ್ಲಿ ವಾಸನೆಯೊಂದೇ ಉಳಿದಿತ್ತು.

"ಅಯ್ಯೋ ಅತ್ತೆ, ಒರೆಸಬಾರದಿತ್ತು."

"ಯಾರಾದ್ರೂ ಮನೆಗೆ ಬರ್ತಾರೆ ಅಂದ್ರೆ ಒಂದು ಚೂರು ಒರೆಸಲ್ವೇನೆ? ಇದೂ ಹಾಗೇ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ಬಾ, ಒಣಗಲಿ."

ಸರಿ, ಮೊದಲು ಕಂಬಿಯನ್ನಾದರೂ ಮುಗಿಸೋಣವೆಂದು ತಿರುಗಿದರೆ, ಮೊದಲ ಮಹಡಿಯಿಂದ ಮಿಲಿಟರಿ ಮಾವ ಇಳಿದು ಬರುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರು ಮೆಟ್ಟಿಲಿಳಿಯುವುದು ಕವಾಯತಿನಂತೆಯೇ ಇರುತ್ತಿತ್ತು. ಅತ್ತೆಯ ಸುದ್ದಿ ಆಗಲೇ ಮಹಡಿ ಹತ್ತಿತ್ತು.

"ಏನಮ್ಮ ಡಾಕ್ಟ್ರಮ್ಮ, ತಪಾಸಣೆ ಅಂತೆ. ಮುಂಚೆ ತಿಳಿಸಬೇಕಾಗಿತ್ತು."

"ತಪಾಸಣೆ ಅಲ್ಲ ಮಾವ, ಬರೀ ಒಂದು ಕಡ್ಡಿ..."

"ಈ ಕಂಬಿ ನನ್ನ ಮನೆ ಮುಂದೆ ಹಾದುಹೋಗುತ್ತೆ. ಇದರಲ್ಲಿ ಏನಾದ್ರೂ ಸಿಕ್ಕರೆ ಯಾರ ಹೆಸರು ಹೇಳ್ತಾರೆ? ನನ್ನ ಹೆಸರು." ಮಾವ ಕೆಳಗೆ ಬಗ್ಗಿ ಕೂಗಿದರು, "ಅತ್ತಿಗೆ, ನಿಮ್ಮದು ಆಯ್ತಾ? ಬಟ್ಟೆ ಇತ್ತ ಕೊಡಿ."

"ತಗೊಳ್ಳಿ, ಬಕೆಟ್ಟೂ ತಗೊಳ್ಳಿ," ಎಂದರು ಅತ್ತೆ. "ಆದ್ರೆ ಮೂಲೆ ಸರಿಯಾಗಿ ಒರೆಸಿ. ನಿಮ್ಮ ಮಹಡಿ ಹುಡುಗರು ಕಂಬಿ ಮೇಲೆ ಜಾರ್ತಾರೆ."

"ನಿಮ್ಮ ಮನೆಗೆ ಬರೋರು ಮಾತ್ರ ಗಾಳಿ ಮೇಲೆ ಹಾರ್ಕೊಂಡು ಬರ್ತಾರಾ?"

ಡಾಕ್ಟ್ರಮ್ಮ ಇಬ್ಬರ ನಡುವೆ ಕೊಳವೆ ಹಿಡಿದುಕೊಂಡು ನಿಂತಳು. ಕೊಳೆ ಬೇಕು ಎಂದು ಬಾಯಿಬಿಟ್ಟು ಕೇಳುವುದು ಎಷ್ಟು ಕಷ್ಟವೆಂದು ಅವಳಿಗೆ ಅಂದೇ ಗೊತ್ತಾದದ್ದು. "ಮಾವ, ಕೊಳೆ ಇದ್ದಷ್ಟೂ ನನಗೆ ಒಳ್ಳೇದು" ಎಂದಳು ಧೈರ್ಯ ಮಾಡಿ.

"ನಿನಗೆ ಒಳ್ಳೇದು, ನಮಗೆ?" ಎಂದು ಮಾವ ಕೆಳಗಿನಿಂದ ಮೇಲಿನವರೆಗೆ, ಮತ್ತೆ ಮೇಲಿನಿಂದ ಕೆಳಗಿನವರೆಗೆ ಕಂಬಿ ಒರೆಸಿದರು. ಒರೆಸಿದ ಮೇಲೆ ಯಾರೂ ಮುಟ್ಟದಂತೆ ಅಲ್ಲೇ ಕಾವಲು ನಿಂತರು.

ಅವಳು ಕ್ಷೌರದಂಗಡಿಗೆ ಓಡಿದಳು. ಅಂಗಡಿಯ ಅಣ್ಣ ಒಬ್ಬ ಗಿರಾಕಿಯ ಅರ್ಧ ಗಡ್ಡ ಹೆರೆದು, ಉಳಿದರ್ಧ ನೊರೆಯಲ್ಲಿ ಬಿಟ್ಟು, ಬಾಗಿಲಲ್ಲಿ ಬೀದಿ ನೋಡುತ್ತಿದ್ದ. ಅವಳನ್ನು ಕಂಡವನೇ ಕೈಮುಗಿದ. "ತಂಗಿ, ನಿನ್ನ ಕಾಲು ಹಿಡ್ಕೊಳ್ಳಲಾ? ನನ್ನ ಕುರ್ಚೀಲಿ ಕ್ರಿಮಿ ಇದೆ ಅಂತ ಕಾಲೇಜಿನವರು ಹೇಳಿಬಿಟ್ರೆ ಯಾರು ಕೂರ್ತಾರೆ?"

ಕುರ್ಚಿಯಲ್ಲಿದ್ದ ಗಿರಾಕಿ ನೊರೆಯೊಳಗಿನಿಂದ, "ಇದೆಯಾ?" ಎಂದ.

"ಇಲ್ಲ ಅಣ್ಣ, ನೀವು ಕೂತ್ಕೊಳ್ಳಿ," ಎಂದು ಕ್ಷೌರದಣ್ಣ ಅವನ ಭುಜ ಒತ್ತಿದ. ಅಷ್ಟರಲ್ಲಿ ಮಿಲಿಟರಿ ಮಾವನೇ ಬಕೆಟ್ಟು ಹೊತ್ತು ಬಂದರು. ಕಂಬಿಯ ಕಾವಲಿಗೆ ಅತ್ತೆಯನ್ನು ನಿಲ್ಲಿಸಿ ಬಂದಿದ್ದರು. "ತಗೋ, ಬೇಗ ಒರೆಸು. ನಮ್ಮ ಬೀದಿ ಮಾನ ಒಂದೇ ಅಲ್ವಾ" ಎಂದು ಬಟ್ಟೆಯನ್ನು ಕ್ಷೌರದಣ್ಣನ ಕೈಗಿತ್ತರು. ಅವನು ಕುರ್ಚಿಯ ಎರಡೂ ಕೈಗಳನ್ನು ಒರೆಸಿದ. ಆತುರದಲ್ಲಿ ಗಿರಾಕಿಯ ಮೊಣಕೈಯನ್ನೂ ಒರೆಸಿಬಿಟ್ಟ.

ಬಿಸಿಲು ಇಳಿಯತೊಡಗಿತ್ತು. ಜಾಗ ಬದಲಾಯಿಸುವ ಹಾಗಿಲ್ಲ. ಲ್ಯಾಬ್ ಮುಚ್ಚಿದರೆ ಬೀರುವಿಗೂ ಬೀಗ. ಡಾಕ್ಟ್ರಮ್ಮ ಕಣ್ಣೀರು ನುಂಗಿಕೊಂಡು ಕುರ್ಚಿಯ ಕೈಗೆ ಒಂದು ಕಡ್ಡಿ, ಕಂಬಿಗೆ ಒಂದು ಕಡ್ಡಿ, ಬಾಗಿಲ ಹಿಡಿಗೆ ಒಂದು ಕಡ್ಡಿ ಆಡಿಸಿದಳು. ಮೂರು ಕಡೆಯೂ ಜನ ಸುತ್ತ ನಿಂತು, ಕಳ್ಳನ ಬೆರಳಚ್ಚು ತೆಗೆಯುವುದನ್ನು ನೋಡುವ ಹಾಗೆ ನೋಡಿದರು. ಬೀದಿ ತುದಿಯಲ್ಲಿ ತಾಯಿ ಮಷೀನು ನಿಲ್ಲಿಸಿ, "ಆಯ್ತಾ ಮಗಳೇ?" ಎಂದಳು. "ಆಗುತ್ತೋ ಏನೋಮ್ಮ. ಎಲ್ಲಾ ತೊಳೆದುಬಿಟ್ರು," ಎನ್ನುತ್ತಲೇ ಬಸ್ಸು ಹತ್ತಿದಳು.

ಎರಡು ದಿನ ಅವಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಮೂರನೆಯ ದಿನ ಬೀರು ತೆರೆದಾಗ ಮೊದಲು ಒಂದು ಕಣ್ಣು ಬಿಟ್ಟಳು, ಆಮೇಲೆ ಇನ್ನೊಂದು. ಮೂರು ಬಟ್ಟಲುಗಳ ತುಂಬ ಗುಲಾಬಿ ಬಣ್ಣದ ಚುಕ್ಕಿಗಳು, ಹೊಳೆಯುತ್ತ, ಒತ್ತೊತ್ತಾಗಿ. ಇಷ್ಟು ಚೆಂದದ ಬಟ್ಟಲು ಇಡೀ ತರಗತಿಯಲ್ಲಿ ಇನ್ನೊಂದಿರಲಿಲ್ಲ. ಚಿಕ್ಕ ಹುಡುಗಿಯರು ಸುತ್ತ ನೆರೆದು, "ಅಕ್ಕಂದು ನೋಡ್ರೇ" ಎಂದರು. ಅವಳ ಎದೆ ಉಬ್ಬಿತು.

ಮೇಡಂ ಒಂದನ್ನು ಎತ್ತಿ ನೋಡಿದರು, ಇನ್ನೊಂದನ್ನು ನೋಡಿದರು, ಮೂರನ್ನೂ ಸಾಲಾಗಿ ಇಟ್ಟು ನೋಡಿದರು.

"ಇದು ಎಲ್ಲಿಂದಮ್ಮ?"

"ಮೆಟ್ಟಿಲ ಕಂಬಿ, ಮೇಡಂ."

"ಇದು?"

"ಕ್ಷೌರದಂಗಡಿ ಕುರ್ಚಿ. ಅದು ಬಾಗಿಲ ಹಿಡಿ."

"ಮೂರೂ ಒಂದೇ ತಾಯಿ ಮಕ್ಕಳ ಹಾಗಿವೆಯಲ್ಲ. ಬೇರೆ ಬೇರೆ ಜಾಗ ಅಂದ್ರೆ ಬಿಳಿ, ಹಳದಿ, ಏನೇನೋ ಬಗೆ ಬರಬೇಕು. ನಿಜ ಹೇಳು, ಒಂದೇ ಕಡೆ ಕೂತು ಮೂರು ಕಡ್ಡೀನೂ ಅದ್ದಿಕೊಂಡು ಬಂದೆ ತಾನೇ?"

ಅವಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. "ಇಲ್ಲ ಮೇಡಂ, ದೇವರಾಣೆ. ಮೂರು ಕಡೆಗೂ ನಾನೇ ಹೋಗಿದ್ದೆ. ಆದ್ರೆ ನನಗಿಂತ ಮುಂಚೆ..." ಎಂದು ಅಲ್ಲಿಗೇ ನಿಂತಳು. ಅವಳ ಕಣ್ಣ ಮುಂದೆ ಆ ಒಂದು ಕಾಲದ ಹಳದಿ ಬಟ್ಟೆ ಬಾಗಿಲಿನಿಂದ ಕಂಬಿಗೆ, ಕಂಬಿಯಿಂದ ಕುರ್ಚಿಗೆ ಮೆರವಣಿಗೆ ಹೊರಟಿತು. ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು.

ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ನಂಬ್ತೀನಮ್ಮ. ಇಂಥದ್ದನ್ನ ಯಾರೂ ಕಟ್ಟಿ ಹೇಳೋಕಾಗಲ್ಲ. ತೊಳೆದಿದ್ದೇ ಜಾಸ್ತಿ ಕೊಳೆಯಾಯ್ತು ಅಂತ ನೀನೇ ಕಂಡುಹಿಡಿದೆಯಲ್ಲ, ಸಂತೋಷ."

"ಹಾಗಾದ್ರೆ ನಾನು ಪಾಸಾ ಮೇಡಂ?"

"ಹೇಗೆ ಪಾಸು? ಕೇಳಿದ್ದು ಮೂರು ಜಾಗ. ನೀನು ತಂದಿದ್ದು ಒಂದು ಬಟ್ಟೆ." ಮೇಡಂ ಹೊಸ ಕಡ್ಡಿ, ಕೊಳವೆಗಳನ್ನು ಅವಳ ಕೈಗಿಟ್ಟರು. "ನಾಳೆ ಅದೇ ಮೂರು ಜಾಗದಿಂದ ತಗೊಂಡು ಬಾ. ಇದು ಕೊನೇ ಅವಕಾಶ. ಈ ಸಲ ಬಟ್ಟಲಲ್ಲಿ ಆಯಾ ಜಾಗದ ಕ್ರಿಮಿ ಬೆಳೀಬೇಕು. ಬಟ್ಟಲು ಖಾಲಿ ಉಳಿದ್ರೆ ನಾನೇನೂ ಮಾಡೋಕಾಗಲ್ಲ."

ಈ ಸಲ ಯಾರನ್ನೂ ಕೇಳದೆ, ಬೆಳಕು ಹರಿಯುವಾಗಲೇ ಮುಗಿಸಿಬಿಡಬೇಕೆಂದು ನಿಶ್ಚಯ ಮಾಡಿಕೊಂಡು ಡಾಕ್ಟ್ರಮ್ಮ ಮನೆಗೆ ಬಂದಳು. ಆದರೆ ಕಟ್ಟಡದ ಬಾಗಿಲಲ್ಲೇ ಮೂವರೂ ಕಾದಿದ್ದರು.

"ಯಾರದ್ದು ಜಾಸ್ತಿ?" ಎಂದರು ಅತ್ತೆ, ಬೇರೆ ಮಾತೇ ಇಲ್ಲದೆ.

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಎಲ್ಲರದ್ದೂ ಒಂದೇ ಅತ್ತೆ."

"ಒಂದೇನಾ?" ಮೂವರೂ ಒಟ್ಟಿಗೆ ಕೇಳಿದರು. ಹೆಚ್ಚು ಬಂದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. "ನನ್ನ ಬಾಗಿಲೂ ಇವರ ಕಂಬೀನೂ ಒಂದೇನಾ?" ಎಂದು ಅತ್ತೆ. "ಇಪ್ಪತ್ತೊಂದು ವರ್ಷ ಸೈನ್ಯದಲ್ಲಿದ್ದವನ್ನ ಕ್ಷೌರದಂಗಡಿಗೆ ಸಮ ಮಾಡಿದೆಯಾ?" ಎಂದು ಮಾವ. "ನನ್ನ ಕುರ್ಚಿಗೇನಾಗಿತ್ತು?" ಎಂದು ಕ್ಷೌರದಣ್ಣ.

ಯಾರಿಗೂ ಅವಮಾನವಾಗಬಾರದೆಂದು ಅವಳು ಬಟ್ಟೆಯ ವಿಷಯ ಬಿಡಿಸಿ ಹೇಳಿದಳು. ತಪ್ಪು ನಿಮ್ಮದಲ್ಲ, ಮನೆಯದಲ್ಲ, ಬಟ್ಟೆಯದು ಎಂದಳು. ಮೂವರ ಮುಖವೂ ತಿಳಿಯಾಯಿತು. ನಾಳೆ ಮತ್ತೆ ಕಡ್ಡಿ ಆಡಿಸಬೇಕು ಎಂದು ಹೇಳಬಾರದಿತ್ತು. ಅದೂ ಬಾಯಿಂದ ಜಾರಿಬಿಟ್ಟಿತು.

ಬೆಳಗ್ಗೆ ಎದ್ದು ಬಾಗಿಲು ತೆಗೆದವಳ ಕಣ್ಣಲ್ಲಿ ನೀರು ಬಂತು, ದುಃಖದಿಂದಲ್ಲ, ಘಾಟಿನಿಂದ. ಮಿಲಿಟರಿ ಮಾವ ಅಂಗಡಿಯ ಅತಿ ಖಾರದ ಫಿನಾಯಿಲ್ಲನ್ನು ನೀರು ಸೋಕಿಸದೆ ಕಂಬಿಗೆ ಸುರಿದಿದ್ದರು. ಬಣ್ಣ ಎದ್ದು ಒಳಗಿನ ಕಬ್ಬಿಣ ಮಿನುಗುತ್ತಿತ್ತು. ಕ್ಷೌರದಣ್ಣ ಕುರ್ಚಿಯ ಕೈಗಳನ್ನೇ ಬಿಚ್ಚಿ ಕುದಿಯುವ ನೀರಿಗೆ ಹಾಕಿದ್ದ. ಕೆಳಗೆ ಅತ್ತೆ ತಮ್ಮ ಬಾಗಿಲಿಗೆ ಹೊಚ್ಚಹೊಸ ಹಿಡಿಯನ್ನೇ ಹಾಕಿಸಿ, ಅದರ ಪಕ್ಕ ರಾತ್ರಿಯಿಂದ ಯಾರಿಗೂ ಮುಟ್ಟಲು ಬಿಡದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಕೊಳವೆ ಹಿಡಿದು ಮೆಟ್ಟಿಲಲ್ಲಿ ನಿಂತ ಡಾಕ್ಟ್ರಮ್ಮನನ್ನು ಕಂಡು ಅತ್ತೆ ಪ್ರೀತಿಯಿಂದ ಕೈಬೀಸಿ ಕರೆದರು.

"ಬಾ ಮಗಳೇ, ಧೈರ್ಯವಾಗಿ ಉಜ್ಜಿಕೋ. ನಿನಗೋಸ್ಕರ ರಾತ್ರಿಯೆಲ್ಲಾ ಕಷ್ಟಪಟ್ಟಿದ್ದೀವಿ. ಈ ಸಲ ನಿನ್ನ ಬಟ್ಟಲಲ್ಲಿ ಒಂದು ಚುಕ್ಕೀನೂ ಬರಲ್ಲ, ನೋಡ್ತಿರು."