ಗಾಡಿಗೆಂದು ಕೇಳಿದ ನೆಟ್ಟನೆಯ ಬೀದಿ

ನಾನು ಸಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಒಂಬತ್ತನೆಯ ಇಸವಿಯಲ್ಲಿ, ಕನ್ನಡ ನಾಲ್ಕನೆಯ ಇಯತ್ತೆಯ ನಡುವೆ. ಬಿಟ್ಟೆ ಎನ್ನುವುದಕ್ಕಿಂತ, ಮನೆಯಲ್ಲಿ ಒಂದು ಮಗ್ಗ ಖಾಲಿ ಬಿದ್ದಿತ್ತು, ಅದರ ಕುಣಿಯೊಳಗಿನ ತುಳಿಗೋಲಿಗೆ ಮುಟ್ಟುವಷ್ಟು ನನ್ನ ಕಾಲು ಉದ್ದವಾಗಿದ್ದವು, ಅಷ್ಟೇ. ಮಾಸ್ತರರು ಮನೆಗೆ ಬಂದು "ಹುಡುಗ ಶಾಣ್ಯಾ ಅದಾನ, ಬಿಡಸಬ್ಯಾಡ್ರಿ" ಎಂದು ಹೇಳಿಹೋದರಂತೆ. ಆ ಒಂದು ಮಾತೇ ನನ್ನನ್ನು ಕೆಡಿಸಿತು. ಪೂರ್ತಿ ಕಲಿತವನಿಗೆ ತನಗೆ ಏನು ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ; ಅರ್ಧಕ್ಕೆ ಬಿಟ್ಟವನಿಗೆ, ಮುಂದಿನ ಪುಸ್ತಕದಲ್ಲಿ ಇರುವುದನ್ನೆಲ್ಲ ತಾನು ಹೇಗೂ ಊಹಿಸಬಲ್ಲೆ ಎಂಬ ಧೈರ್ಯ. ಆ ಧೈರ್ಯದ ಮೇಲೆಯೇ ನಾನು ಹಗಲಿರುಳು ದುಡಿದೆ, ಒಂದು ಮಗ್ಗವನ್ನು ಎರಡು ಮಾಡಿದೆ, ಯಾರ ಮುಂದೆಯೂ ಕೈ ಚಾಚಲಿಲ್ಲ, ಮತ್ತು ಸಭೆ ಎಂದು ಎಲ್ಲಿ ನಾಲ್ಕು ಜನ ಕೂತರೂ ಅಲ್ಲಿ ಎದ್ದು ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಮೊದಲಿನವುಗಳಿಂದ ನನಗೆ ಒಳ್ಳೆಯದೇ ಆಯಿತು. ಕೊನೆಯದರ ಕಥೆ ಇದು.

ನಮ್ಮೂರು ಜಮಖಂಡಿಗೂ ರಬಕವಿಗೂ ನಡುವಿನದು, ನೇಕಾರರದೇ ಊರು. ನೇಕಾರನ ಮನೆ ಎಂದರೆ ನಾಲ್ಕು ಗೋಡೆ ಎಂದು ಉಳಿದವರು ತಿಳಿಯುತ್ತಾರೆ. ಗೋಡೆಯೊಳಗೆ ಮಗ್ಗ ಇರುತ್ತದೆ, ಸುಳ್ಳಲ್ಲ. ಆದರೆ ಮಗ್ಗಕ್ಕೆ ಏರುವ ಮೊದಲು ಸೀರೆಯ ಹಾಸು, ಅಂದರೆ ಉದ್ದೆಳೆಯ ನೂಲು, ಬೀದಿಗೆ ಬರಲೇಬೇಕು. ಎರಡು ತುದಿಗೆ ಗೂಟ ಬಡಿದು, ನಡುನಡುವೆ ಬಿದಿರಿನ ಕವೆಗೋಲು ಕೊಟ್ಟು, ಎಳೆಗಳನ್ನೆಲ್ಲ ಬೀದಿಯುದ್ದಕ್ಕೆ ಬಿಗಿಯಾಗಿ ಹಾಸಿ, ಜೋಳದ ಗಂಜಿ ಹಚ್ಚಿ, ಕುಂಚದಿಂದ ತೀಡಿ, ಬಿಸಿಲು ಚುರುಕಾಗುವ ಮೊದಲೇ ಸುತ್ತಿಕೊಳ್ಳಬೇಕು. ಎಳೆ ಸಡಿಲಾದರೆ ಸೀರೆಯ ಮೈಯೇ ಸುಕ್ಕು. ಆದ್ದರಿಂದ ನಮ್ಮವರು ಮನೆ ನೋಡಲು ಹೋದರೆ ಬಾಗಿಲನ್ನು ನೋಡುವುದಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬೀದಿಯನ್ನು ನೋಡುತ್ತಾರೆ. ನನ್ನ ಮಾವ ಮಗಳನ್ನು ಕೊಡಲು ಬಂದಾಗ ನನ್ನ ಮುಖವನ್ನು ಒಂದು ಸಲ ನೋಡಿದರು, ನಮ್ಮ ಓಣಿಯನ್ನು ಎರಡು ಸಲ ನಡೆದು ನೋಡಿದರು. "ಹುಡುಗ ನೆಟ್ಟಗದಾನ, ಓಣಿ ಸೊಟ್ಟ ಐತಿ" ಎಂದು ಅತ್ತೆಯ ಹತ್ತಿರ ಹೇಳಿದರಂತೆ. ಸೊಟ್ಟ ಇತ್ತು, ನಿಜ. ನಮ್ಮ ಹಳೆಯ ಓಣಿ ಮೊಣಕೈಯ ಹಾಗೆ ಬಾಗಿತ್ತು. ಆ ಬಾಗಿನಲ್ಲಿ ನಮ್ಮ ಹಾಸು ಪಕ್ಕದ ಮನೆಯ ಗೋಡೆಗೆ ಉಜ್ಜುವುದು, ಅವರು ನಮ್ಮ ನೂಲು ಅವರ ಮಣ್ಣು ಕೆರೆಯಿತೆನ್ನುವುದು, ನಾವು ಅವರ ಮಣ್ಣು ನಮ್ಮ ನೂಲಿಗೆ ಹತ್ತಿತೆನ್ನುವುದು. ಬೆಳಗಿನ ಜಗಳವಿಲ್ಲದೆ ಸೀರೆ ನೇಯ್ದ ನೆನಪೇ ನನಗಿಲ್ಲ.

ಹೀಗಿರುವಾಗ ಊರಿನ ಮುನಸಿಪಾಲ್ಟಿಯವರು ಊರ ಅಗಸಿಬಾಗಿಲಿನ ಹೊರಗೆ ಹೊಸ ಪೇಟೆ ಕಟ್ಟಿಸಲು ಠರಾವು ಮಾಡಿದರು. ಮನೆಯ ಜಾಗಗಳಿಗೆ ಸುಣ್ಣದ ಗೆರೆ ಬಿತ್ತು. ನಾನು ಒಂದು ಜಾಗ ಹಿಡಿದು, ಬಾಗಿಲು ಬರುವ ಕಡೆಗೆ ಬೆನ್ನು ಕೊಟ್ಟು ನಿಂತು ನೋಡಿದರೆ, ಅಲ್ಲಿಯೂ ಅದೇ ಮೊಣಕೈ! ಒಂದು ಸಣ್ಣ ಕಲ್ಲುಗುಡ್ಡೆಯನ್ನು ಒಡೆಯಿಸುವ ಖರ್ಚು ಬೇಡವೆಂದು ಬೀದಿಯನ್ನೇ ಬಾಗಿಸಿದ್ದರು. ಸಭೆ ಕೂಡಿದ ದಿನ ನಾನು ಹೋದೆ. ಹಾಸಿನ ಮಾತೆತ್ತಿದರೆ ಅದು ಒಬ್ಬ ನೇಕಾರನ ಸ್ವಂತದ ಮಾತಾಗುತ್ತದೆ, ಊರಿನ ಹಿತದ ಮಾತಾಡಿದರೆ ತೂಕ ಬರುತ್ತದೆ ಎಂದು ನನ್ನ ನಾಲ್ಕನೆಯ ಇಯತ್ತೆ ನನಗೆ ಬುದ್ಧಿ ಹೇಳಿತು.

ಅಧ್ಯಕ್ಷರು ವಕೀಲಿ ಮಾಡುತ್ತಿದ್ದವರು. ಊರೆಲ್ಲ ಅವರನ್ನು ವಕೀಲ ಸಾಹೇಬರೆಂದೇ ಕರೆಯುತ್ತಿತ್ತು. "ಏನ ಚನಬಸಪ್ಪ, ರಸ್ತಾ ಸೊಟ್ಟ ಇದ್ರ ನಿನಗೇನ ತ್ರಾಸು? ನಿನ್ನ ಕಾಲ ಬಾಗತಾವಲ್ಲ?" ಎಂದರು.

"ನನ್ನ ಕಾಲಿಂದಲ್ಲರೀ ಸಾಹೇಬ್ರ, ಗಾಡಿ ಗಾಲೀದು" ಎಂದೆ. "ಸಂತಿಗೆ ಗಲಗಲಿಯಿಂದ ಜ್ವಾಳ ಬರತಾವ, ಬಾಡಗಂಡಿ ಕಡಿಂದ ಬೆಲ್ಲ ಬರತೈತಿ. ಹಳೀ ಓಣ್ಯಾಗ ಗಾಡಿ ಹೊಳ್ಳಸೂದ್ರಾಗ ಎತ್ತಿನ ಕುತ್ತಿಗಿ ಮುರೀತಾವ. ಮೂಕ ಜೀವ, ಅವು ಯಾರ ಮುಂದ ಹೇಳ್ಬೇಕು? ರಸ್ತಾ ನೆಟ್ಟಗ ಮಾಡ್ರಿ, ಅಗಲ ಮಾಡ್ರಿ. ಗಾಡಿ ಸರಳ ಬಂದು ಸರಳ ನಿಲ್ಲಲಿ. ನಾಳೆ ಮೋಟಾರ ಬಂದ್ರೂ ಹಿಂಗ ಬಂದು ಹಂಗ ಹೋಗಬೇಕು!"

ಮೋಟಾರನ್ನು ನಾನು ಅದುವರೆಗೆ ಜಮಖಂಡಿಯಲ್ಲಿ ಒಂದೇ ಸಲ ನೋಡಿದ್ದೆ, ಅದೂ ಕೆಟ್ಟು ನಿಂತದ್ದನ್ನು. ಆದರೂ ಸಭೆಯವರು ತಲೆದೂಗಿದರು. ಕಲ್ಲು ಒಡೆಯಿತು, ಬೀದಿ ನೆಟ್ಟಗಾಯಿತು, ಅಗಲವೂ ಆಯಿತು. ದುಡಿದದ್ದನ್ನೆಲ್ಲ ಸುರಿದು ನಾನು ಅಲ್ಲಿ ಮನೆ ಕಟ್ಟಿದೆ. ಮೊದಲ ಹಾಸು ಹಾಸಿದ ಬೆಳಿಗ್ಗೆ ಈ ತುದಿಗೆ ನಾನು, ಆ ತುದಿಗೆ ನನ್ನ ಹೆಂಡತಿ ನೀಲವ್ವ ನಿಂತು ಒಬ್ಬರನ್ನೊಬ್ಬರು ನೋಡಿದೆವು. ಮದುವೆಯಾದ ಮೇಲೆ ಹಾಸಿನ ಎರಡು ತುದಿಯಿಂದ ನಾವು ಪರಸ್ಪರ ಮುಖ ಕಂಡದ್ದು ಅದೇ ಮೊದಲು. ಹಳೆಯ ಓಣಿಯಲ್ಲಿ ನಡುವೆ ಆ ಬಾಗು ಅಡ್ಡ ಬರುತ್ತಿತ್ತು.

ಅಷ್ಟರಲ್ಲಿ ಸಂತೆಯ ದಿನ ಬಂತು. ನಸುಕಿನಲ್ಲಿ ಗಂಜಿ ಹಚ್ಚಿ ಕುಂಚ ಹಿಡಿದಿದ್ದೇವೆ, ಗಂಟೆಯ ಸದ್ದು ಕೇಳಿಸಿತು. ಒಂದರ ಹಿಂದೆ ಒಂದು ಗಾಡಿ ಸರಳ ಬಂದವು, ನಾನು ಹೇಳಿದ್ದಂತೆಯೇ ಸರಳ ನಿಂತವು. ಮುಂದಿನ ಗಾಡಿಯ ಒಡೆಯ ಗಲಗಲಿಯ ಸಂಗಪ್ಪ ಎಂಬವನು ನನ್ನ ಹಾಸಿನ ತುದಿಗೇ ಎತ್ತುಗಳನ್ನು ನೊಗದಿಂದ ಕೊಳ್ಳು ಹರಿದು ಬಿಟ್ಟ. ಅವುಗಳಲ್ಲಿ ಬಿಳಿಯ ಎತ್ತಿಗೆ ಗಂಜಿಯ ವಾಸನೆ ಹತ್ತಿತು. ಅದು ಒಂದು ತುದಿಯಿಂದ ಶುರುಮಾಡಿ, ಬಹಳ ಶ್ರದ್ಧೆಯಿಂದ, ಒಂದೆಳೆಯನ್ನೂ ಬಿಡದೆ ನೆಕ್ಕುತ್ತ ಬಂತು. ಅಷ್ಟು ಸಮನಾಗಿ ನಾನು ಕೂಡ ಕುಂಚ ತೀಡಿದವನಲ್ಲ.

"ಏ ಯಪ್ಪಾ, ಎತ್ತ ಹಿಡಿಯೋ! ಹಾಸು ಹಾಳಾತು!" ಎಂದು ಕೂಗಿದೆ.

ಸಂಗಪ್ಪ ಸಾವಕಾಶವಾಗಿ ಎಲೆ ಅಡಿಕೆ ಒಂದು ದವಡೆಗೆ ಸರಿಸಿಕೊಂಡ. "ಹಾಳಾಗಿದ್ದು ನಿಂದೇನ, ನಂದೇನಲೇ? ನೂಲ ಹೊಟ್ಟ್ಯಾಗ ಹೋಗಿ ನಾಳೆ ಎತ್ತ ಮಲಗಿದ್ರ ಗಳೇ ಎಳ್ಯಾಕ ನೀ ಬರ್ತೀಯೇನ?"

"ಇದು ಹಾಸು ಹಾಸೂ ಬೀದಿ!"

"ಗಾಡಿ ನಿಲ್ಲೂ ರಸ್ತಾ ಅಂತ ಡಂಗುರ ಸಾರ್ಯಾರ ತಗಿ. ಯಾರೋ ಚನಬಸಪ್ಪ ಅನ್ನಾಂವ ನಮ್ಮ ಎತ್ತಿನ ಕುತ್ತಿಗಿ ಸಲುವಾಗಿ ಸಭಾದಾಗ ನಿಂತು ಮಾತಾಡ್ಯಾನಂತ. ದೇವರಂಥಾ ಮನಷ್ಯಾ! ಅವನ ಮನಿ ಯಾವುದು ತೋರಸು, ಒಂದ ಬುಟ್ಟಿ ಜ್ವಾಳ ಕೊಟ್ಟ ಬರ್ತೇನಿ."

ನಾನು ಮನೆ ತೋರಿಸಲಿಲ್ಲ. ನೀಲವ್ವ ತೋರಿಸಿದಳು. "ಇವ್ರ ನೋಡ್ರಿ ಆ ದೇವರು" ಎಂದು ಕೈಯಲ್ಲಿದ್ದ ಕುಂಚವನ್ನೇ ನನ್ನ ಕಡೆಗೆ ಚಾಚಿದಳು. ಸಂಗಪ್ಪ ಖರೇನೇ ಒಂದು ಬುಟ್ಟಿ ಜೋಳ ಕಟ್ಟೆಯ ಮೇಲೆ ಇಟ್ಟು ಕೈಮುಗಿದು ಹೋದ. ಎತ್ತು ಮಾತ್ರ ಹೋಗಲಿಲ್ಲ.

ಸಂತೆಗೆಂದು ಬಂದವರು ಹಿಂದಿನ ದಿನವೇ ಬಂದು ಮರುದಿನ ಹೋಗತೊಡಗಿದರು. ಉಳಿದ ದಿನ ಅರಳೆಯ ಗಾಡಿ, ಕಟ್ಟಿಗೆಯ ಗಾಡಿ. ನೆಟ್ಟನೆಯ ಬೀದಿಯ ಸುದ್ದಿ ನೆಟ್ಟಗೆ ಹರಡಿತ್ತು. ನನ್ನ ಎರಡೂ ಮಗ್ಗ ಹಾಸಿಲ್ಲದೆ ಬಾಯಿ ತೆರೆದು ಕೂತವು. ನೂಲು ಕೊಟ್ಟು ಸೀರೆ ಕೊಳ್ಳುವ ರಬಕವಿಯ ಸಾವಕಾರರು ಮನುಷ್ಯನನ್ನು ಅಟ್ಟಿ, ಮದುವೆಯ ಸುಗ್ಗಿಯೊಳಗೆ ಸೀರೆ ಬಾರದಿದ್ದರೆ ಮುಂದೆ ನೂಲು ಬೇರೆಯವರ ಮನೆಗೆ ಹೋಗುತ್ತದೆಂದು ಹೇಳಿಸಿದರು. ಹಾಗಾದರೆ ಮನೆ ಉಳಿಯುತ್ತಿತ್ತು, ಅದರೊಳಗೆ ಮಾಡುವ ಕೆಲಸ ಉಳಿಯುತ್ತಿರಲಿಲ್ಲ. ಹಳೆಯ ಓಣಿಗೆ ಹೊರಳೋಣವೆಂದರೆ ಅಲ್ಲಿಯ ಮನೆಯನ್ನು ಮಾರಿಯೇ ಇಲ್ಲಿ ಕಟ್ಟಿದ್ದು. ಮತ್ತೆ ಸಭೆಗೆ ಹೋಗುವುದೆಂದು ನಿಶ್ಚಯಿಸಿ ರುಮಾಲು ಸುತ್ತತೊಡಗಿದೆ.

"ಈ ಸಲ ಏನ ಹೇಳಾವ್ರು?" ಎಂದು ನೀಲವ್ವ ಕೇಳಿದಳು.

"ಗಾಡಿ ಹೊಲಸಿನಿಂದ ಪೇಟಿಗೆ ರೋಗ ಬರತೈತಿ ಅಂತೇನಿ."

"ಹೇಳ್ರಿ, ಹೇಳ್ರಿ. ಪ್ಲೇಗ ಬಂತಂತ ಅವ್ರು ನಮ್ಮನ್ನ ಮನಿ ಬಿಡಸಿ ಹೊಲದಾಗ ಗುಡಸಲಾ ಹಾಕಸ್ತಾರ. ಗುಡಸಲದಾಗ ಮಗ್ಗ ಹೂಡೂಣಂತ. ನಾಕನೇ ಇಯತ್ತೆಕ್ಕ ಇಷ್ಟ ಮಾಡೀರಿ. ಪೂರಾ ಕಲ್ತಿದ್ರ ಸಂತೀನ ಅಡಗಿಮನ್ಯಾಗ ಕೂಡಸ್ತಿದ್ರಿ! ಒಮ್ಮೆ ಖರೇ ಮಾತ ಆಡಿ ನೋಡ್ರಿ. ಅದಕ್ಕೂ ಸಾಲಿ ಬೇಕೇನು?"

ಸಭೆಯಲ್ಲಿ ಎದ್ದು ನಿಂತೆ. ಜೀವಮಾನದಲ್ಲಿ ಮೊದಲ ಸಲ ಮಾತು ಹುಡುಕಬೇಕಾಯಿತು. "ಸಾಹೇಬ್ರ, ಆವಾಗ ನಾ ಗಾಡಿ ಅಂದಿದ್ದು ಗಾಡಿ ಸಲುವಾಗಿ ಅಲ್ಲರಿ. ಹಾಸಿನ ಸಲುವಾಗಿ" ಎಂದೆ.

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ವಕೀಲ ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನೇಕಾರ ಗಾಡಿ ಸಲುವಾಗಿ ರಸ್ತಾ ಕೇಳಿದ್ರ ನಮಗ ತಿಳಿಯೂದಿಲ್ಲೇನೋ ಮಾರಾಯಾ? ಬಾಯಿ ಎತ್ತಿನ ಕುತ್ತಿಗಿ ಅನ್ನಾಕತ್ತಿತ್ತು, ಕೈ ಗಾಳ್ಯಾಗ ಹಾಸು ತೀಡಾಕತ್ತಿತ್ತು!"

"ಮತ್ತ ಯಾಕ ಸುಮ್ಮನಿದ್ರಿ?"

"ಗಾಡಿ ನಿಲ್ಲಸಾಕ ನಮಗೊಂದು ಅಗಲ ರಸ್ತಾ ಬೇಕಾಗಿತ್ತು. ಕಲ್ಲ ಒಡಸೂ ಖರ್ಚಿನ ಮಾತ ನಾವ ಎತ್ತಿದ್ರ ಮಂದಿ ಒದರತಿದ್ರು. ನೀನ ಎತ್ತಿದಿ. ಛಲೋ ಆತು ಅಂದ್ವಿ."

ನಾನು ಸಭೆಯನ್ನು ಮಗ್ಗಕ್ಕೆ ಏರಿಸಿದೆನೆಂದು ಮೀಸೆ ತಿರುವುತ್ತಿದ್ದೆ. ಅವರು ಆಗಲೇ ನನ್ನನ್ನು ನೇಯ್ದು ಮಡಚಿ ಇಟ್ಟಿದ್ದರು. ಆದರೆ ವಕೀಲ ಸಾಹೇಬರು ಕೆಟ್ಟವರಲ್ಲ. ಖರೆ ಹೇಳಿದ್ದಕ್ಕೋ, ಅಷ್ಟು ನಗಿಸಿದ್ದಕ್ಕೋ, ಅಲ್ಲಿಯೇ ಠರಾವು ಮಾಡಿದರು: ಬಿಸಿಲು ಅಗಸಿಯ ಹೊಸ್ತಿಲಿಗೆ ಇಳಿಯುವ ತನಕ ಹೊಸ ಪೇಟೆಯ ಬೀದಿ ಹಾಸಿನ ಕೆಲಸಕ್ಕೆ, ಆಮೇಲೆ ಗಾಡಿಗೆ. ನನ್ನ ಎದೆ ಹಗುರಾಯಿತು. ಆಗಲೇ ಕೂತುಬಿಟ್ಟಿದ್ದರೆ ಆಗುತ್ತಿತ್ತು.

"ಅಲ್ಲಾ, ರಾತ್ರಿ ಬಂದ ಗಾಡಿ ಅಲ್ಲೀತನಕಾ ಎಲ್ಲಿ ನಿಲ್ಲಬೇಕು?" ಎಂದು ವಕೀಲ ಸಾಹೇಬರು ಕೇಳಿದರು. ಕೇಳಿದ್ದು ಸಭೆಯನ್ನು. ನಿಂತವನು ನಾನೊಬ್ಬನೇ. "ನನ್ನ ಹಿತ್ತಲ ಇಲ್ಲೇನ್ರಿ? ಬೇಕಾದಷ್ಟು ಬಯಲೈತಿ! ಚನಬಸಪ್ಪ ಅಷ್ಟಕ್ಕ ಹಿಂದ ಸರಿಯಾಂವಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ. ಹೇಳಿ ಕೂರುವುದರೊಳಗೆ ಅದೂ ಠರಾವಾಯಿತು.

ಸೀರೆ ಸುಗ್ಗಿಗೆ ಮುಟ್ಟಿದವು, ಸಾವಕಾರರು ನೂಲು ನಿಲ್ಲಿಸಲಿಲ್ಲ, ನಾನು ಇನ್ನೆರಡು ಮಗ್ಗ ಹೂಡಿದೆ. ಆದ್ದರಿಂದ ಈಗ ನನ್ನ ಹತ್ತಿರ ಇರುವುದು ಇಷ್ಟು: ಮಗ್ಗ ನಾಲ್ಕು, ಬಿಸಿಲೇರುವ ತನಕ ನೆಟ್ಟನೆಯ ಬೀದಿ ಒಂದು, ಸಭೆ ಇದ್ದ ದಿನ ನನ್ನ ರುಮಾಲನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುವ ಹೆಂಡತಿ ಒಬ್ಬಳು, ಸಂತೆಯ ಬೆಳಗಿಗೆ ಹಿತ್ತಲಲ್ಲಿ ಗಾಡಿ ಹನ್ನೊಂದು, ಎತ್ತು ಇಪ್ಪತ್ತೆರಡು. ಎತ್ತು ಒಂದೂ ನನ್ನದಲ್ಲ. ಸಗಣಿ ಎಲ್ಲ ನನ್ನದೇ.