ಹಳೇ ಡೀಸೆಲ್ ಕಾರೂ ನನ್ನ ಹಳೇ ಸಂಶಯವೂ

ಸಂಶಯದ ಮನುಷ್ಯನಿಗೆ ದಿನಾ ಏನಾದರೊಂದು ಎದುರಾಗುತ್ತಲೇ ಇರುತ್ತದೆ. ಅಂಥವನು ಹಳೇ ಕಾರು ಕೊಳ್ಳಲು ಹೊರಟನೆಂದರೆ ಮುಗಿದೇ ಹೋಯಿತು.

ನಾನು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದವನು. ಸಾಗವಾನಿ ದಿಮ್ಮಿಯನ್ನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಒಳಗೆ ಪೊಳ್ಳೋ ಗಟ್ಟಿಯೋ ಹೇಳುವುದು ನನ್ನ ಕೆಲಸ. ಮೇಲೆ ಚೆಂದ ಕಂಡದ್ದು ಒಳಗೆ ಪೊಳ್ಳಾಗಿರುವುದನ್ನು ನೋಡಿ ನೋಡಿ, ಕಲ್ಲಂಗಡಿ ಹಣ್ಣಿನಿಂದ ಹಿಡಿದು ಬೀಗರವರೆಗೆ ಯಾರನ್ನೂ ಬಡಿದು ನೋಡದೆ ನಂಬುವ ಅಭ್ಯಾಸ ನನಗೆ ಹೋಗಿಬಿಟ್ಟಿತ್ತು.

ಆ ವರ್ಷ ಮನೆಯವಳಿಗೆ ಜೋಯಿಡಾದ ಶಾಲೆಗೆ ವರ್ಗವಾಯಿತು. ಮುಂಜಾನೆಯ ಬಸ್ಸು ಬಂದರೆ ಬಂತು, ಇಲ್ಲವೆಂದರೆ ಇಲ್ಲ. ಬೇಸಿಗೆ ರಜೆ ಶುರುವಾದ ದಿನವೇ ಆಕೆ ಹೇಳಿಬಿಟ್ಟಳು: "ಶಾಲಿ ಚಾಲೂ ಆಗೂದರೊಳಗ ಮನಿ ಮುಂದ ಗಾಡಿ ನಿಂದರಬೇಕು. ಇಲ್ಲಾಂದ್ರ ನಾನು ಜೋಯಿಡಾದಾಗ ಖೋಲಿ ಹಿಡೀತೇನಿ. ನೀವು ನಿಮ್ಮ ಸಂಶಯಾನ ಕಟಗೊಂಡು ಇಲ್ಲೇ ಇರ್ರಿ."

ಸರಿ, ಕಡಿಮೆ ಎಣ್ಣೆ ಕುಡಿಯುವ, ಘಟ್ಟದಲ್ಲಿ ಕೈಕೊಡದ, ಹಿಂದೆ ಡಿಕ್ಕಿ ಇರುವ ಒಂದು ಹಳೇ ಡೀಸೆಲ್ ಕಾರು ಹುಡುಕುವುದೆಂದಾಯಿತು. ಓಡಿಸಲು ನನಗೆ ಬರುತ್ತಿರಲಿಲ್ಲ. ಮೊದಲು ಕಾರು, ಆಮೇಲೆ ಕಲಿಕೆ. ಬಾವಿಯೇ ಇಲ್ಲದೆ ಈಜು ಕಲಿಯುವುದು ಹೇಗೆ ಎಂಬುದು ನನ್ನ ವಾದ. ಹಾಗಾಗಿ ಓಡಿಸಿ ನೋಡಲು ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗುತ್ತಿದ್ದೆ. ಅವರು ಮಿಲ್ಲಿನಲ್ಲಿ ಗುಮಾಸ್ತರು, ಯಾವ ಕಾರು ನೋಡಿದರೂ "ಛಲೋ ಐತಿ, ತಗೊಳ್ರಿ" ಅನ್ನುವ ಸಾತ್ವಿಕರು.

ಬಿಸಿ ಬಾನೆಟ್

ಡೀಸೆಲ್ ಗಾಡಿಯನ್ನು ತಣ್ಣಗಿದ್ದಾಗಲೇ ನೋಡಬೇಕು, ಮುಂಜಾನೆಯ ಮೊದಲ ಕೀಲಿಗೆ ಅದು ಕೆಮ್ಮುತ್ತದೋ ನಗುತ್ತದೋ ಅದೇ ಖರೆ ಪರೀಕ್ಷೆ ಎಂದು ಡಿಪೋದ ಲಾರಿಯವರು ಹೇಳಿದ್ದರು. ಮಾರುವವರು ಮೊದಲೇ ಎಂಜಿನ್ ಕಾಯಿಸಿ ಇಟ್ಟಿರುತ್ತಾರೆ, ಹುಷಾರು ಎಂದೂ ಹೇಳಿದ್ದರು. ಅದಕ್ಕೇ ಹಳಿಯಾಳದ ಒಬ್ಬ ಕಿರಾಣಿ ಅಂಗಡಿಯವರ ಮನೆಗೆ ಹೇಳದೆ ಕೇಳದೆ, ಅವರಿನ್ನೂ ಹಲ್ಲುಜ್ಜುತ್ತಿರುವಾಗಲೇ ಪಕ್ಕದ ಮನೆಯವರನ್ನು ಕಟ್ಟಿಕೊಂಡು ಹೋಗಿ ನಿಂತೆ. ನಮಸ್ಕಾರಕ್ಕಿಂತ ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟೆ. ಸುಡುತ್ತಿತ್ತು!

"ಸಾವ್ಕಾರ್ರ, ಕಳ್ಳ ಸಿಕ್ಕ! ನಾವು ಬರೋ ಸುದ್ದಿ ನಿಮಗ ಯಾರು ಹೇಳಿದ್ರು? ಗಾಡಿ ಕಾಯಿಸಿ ಇಟ್ಟೀರಿ" ಎಂದೆ.

"ನಾನ್ಯಾಕ ಕಾಯಿಸ್ಲಿ? ಬಚ್ಚಲ ಒಲಿ ಅದರ ಮಾರಿ ಮುಂದನ ಐತಿ, ನೋಡ್ರಿ" ಎಂದರು. ನೋಡಿದರೆ ಹೌದು, ಗೋಡೆಯಾಚೆಯ ನೀರೊಲೆಯ ಬಾಯಿ ಹೊರಗಿತ್ತು, ಅದರ ಎದುರಿಗೇ ಕಾರಿನ ಮೂತಿ. ಆದರೂ ನಾನು ಬಿಡಲಿಲ್ಲ. "ಒಲಿ ನೆವ ಹೇಳಬ್ಯಾಡ್ರಿ. ಬೆಳಕು ಹರಿಯೂದರೊಳಗ ಚಾಲೂ ಮಾಡೀರಿ ನೀವು."

ಅವರಿಗೆ ಸಿಟ್ಟು ನೆತ್ತಿಗೇರಿತು. ಬಾಯಲ್ಲಿದ್ದ ಬೇವಿನ ಕಡ್ಡಿ ಎಸೆದು, ಬಾಗಿಲಿಗೆ ಬಂದು ನಿಂತ ಹೆಂಡತಿಯ ಮುಂದೆ ಆಣೆ ಇಟ್ಟರು: "ಮನಿದೇವರ ಆಣಿ ಮಾಡಿ ಹೇಳ್ತೇನಿ. ಈ ಗಾಡಿ ದೀಪಾವಳಿಯಿಂದ ಇವತ್ತಿನ ತನಕ ಒಮ್ಮೆನೂ ಚಾಲೂ ಆಗಿಲ್ಲ!"

ಗಾಳಿ ಆಡುವ ಜಾಗ

ಜೋಯಿಡಾದಲ್ಲಿ ಒಬ್ಬರ ಹತ್ತಿರ ಕಪ್ಪು ಬಣ್ಣದ ಕಾರು ಇದೆಯೆಂದು ತಿಳಿಯಿತು. ಮಾಲೀಕರು ಕೊಂಕಣಿ ಮಾತಿನವರು, ಬಾಯಿ ತೆರೆದರೆ ದೇವರ ಹೆಸರು. "ಅವ್ವನ್ನ ದೇವಸ್ಥಾನಕ್ಕ ಕರಕೊಂಡು ಹೋಗಾಕ ಬಿಟ್ರ ಈ ಗಾಡಿ ಹೊರಗ ಹೋಗಿಲ್ಲ, ದೇವಾಚಿ ಆಣ" ಎಂದರು. ನಾನು ನನ್ನ ಕ್ರಮದಂತೆ ಬೆರಳ ಗೆಣ್ಣಿನಿಂದ ಕಾರನ್ನು ಸುತ್ತಲೂ ಬಡಿಯುತ್ತ ಬಂದೆ. ಹಿಂದಿನ ಸೀಟಿನ ಬೆನ್ನಿಗೆ ಬಡಿದಾಗ ಪೊಳ್ಳು ಸದ್ದು ಬಂತು.

"ಇಲ್ಲೇನೈತ್ರಿ?"

"ಏನಿಲ್ಲ. ಗಾಳಿ ಆಡಾಕ ಬಿಟ್ಟ ಜಾಗಾ."

ಸೀಟನ್ನು ಎಳೆದೆ, ಒತ್ತಿದೆ, ಮೊಣಕಾಲು ಕೊಟ್ಟು ನೂಕಿದೆ. ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮನೆಯವರು "ಸೀಟು ಗಟ್ಟಿ ಐತಿ, ತಗೊಳ್ರಿ" ಎಂದರು.

ಓಡಿಸಿ ನೋಡಲು ಮೂವರೂ ಗೋವಾ ಕಡೆಯ ರಸ್ತೆ ಹಿಡಿದೆವು. ಗಾಡಿ ತಪಾಸಣೆಯ ನಾಕೆಯಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ. ಕಾಗದ ಕೇಳಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ಸೀದಾ ಹಿಂದಿನ ಬಾಗಿಲು ತೆರೆದು, ನನ್ನನ್ನು ಇಳಿಸಿ, ಸೀಟಿನ ಮೂಲೆಗೆ ಒಂದು ಗುದ್ದು ಕೊಟ್ಟ. ಇಡೀ ಬೆನ್ನು ಹಪ್ಪಳದ ಹಾಗೆ ಕಿತ್ತು ಕೈಗೆ ಬಂತು. ಅದರ ಹಿಂದೆ ತಗಡಿನ ದೊಡ್ಡ ಪೆಟ್ಟಿಗೆ, ಖಾಲಿ. ಗೋವಾದ ಫೆನಿ ಸಾರಾಯಿಯ ವಾಸನೆ ಮಾತ್ರ ಗಮ್ಮೆನ್ನುತ್ತಿತ್ತು. ಮಾಲೀಕರು ಕಾಡಿನ ಕಡೆ ಮುಖ ಮಾಡಿ ಏನೋ ಹಕ್ಕಿ ನೋಡತೊಡಗಿದರು.

ನಾನು ಗಾಬರಿಯಿಂದ ಸೀಟನ್ನು ಮತ್ತೆ ಕೂಡಿಸಲು ಹೋದೆ. ಕಾವಲುಗಾರ ನನ್ನ ಕೈ ಸರಿಸಿದ.

"ಬಿಡ್ರಿ ಸಾಹೇಬ್ರ, ನಿಮಗ ಕೂಡಸಾಕ ಬರೂದಿಲ್ಲ. ನಾನ ಹಾಕ್ತೇನಿ. ಈ ಗಾಡಿದು ನನಗ ದಿನಾ ರೂಢಿ ಐತಿ."

ಎಲ್ಲವನ್ನೂ ಹೇಳಿದವರು

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಒಬ್ಬ ಹಿರಿಯರ ಕಾರು ಇತ್ತು. ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿ ಕನ್ನಡ ಕಲಿತವರು. ಕೂಡ್ರಿಸಿ, ಚಹಾ ಇಡಲು ಹೇಳಿ, ತಾವಾಗಿಯೇ ಶುರು ಮಾಡಿದರು: "ಎಡಗಡೆ ಬಾಗಿಲು ಮಳಿಯಾಗ ಸೋರತೈತಿ. ಎರಡನೇ ಗೇರು ಲಗೂನ ಬೀಳೂದಿಲ್ಲ. ಒಮ್ಮೆ ಎಮ್ಮಿಗೆ ಬಡದೈತಿ. ಎಮ್ಮಿಗೆ ಏನೂ ಆಗಲಿಲ್ಲ, ಗಾಡಿಗೆ ಆತು."

ನಾನು ಪೇಚಿಗೆ ಸಿಕ್ಕೆ. ಸುಳ್ಳು ಹೇಳುವವರನ್ನು ಹಿಡಿಯುವುದು ನನಗೆ ಗೊತ್ತು, ಖರೆ ಹೇಳುವವರನ್ನು ಎಲ್ಲಿ ಹಿಡಿಯಬೇಕು? ಇಷ್ಟು ಬಿಚ್ಚಿಡುವವರು ಮುಚ್ಚಿಟ್ಟದ್ದು ಇನ್ನೆಷ್ಟಿರಬೇಕು! ಅಂಗಿ ತೆಗೆದಿಟ್ಟು ಕಾರಿನ ಅಡಿಗೆ ಬೆನ್ನ ಮೇಲೆ ನುಸುಳಿದೆ. ಬಡಿದೆ, ಕೆರೆದೆ, ಮೂಸಿದೆ. ಅವರು ಹೇಳಿದ್ದಕ್ಕಿಂತ ಹೆಚ್ಚಿನದು ಒಂದೂ ಸಿಗಲಿಲ್ಲ. ಅದರಿಂದ ಸಂಶಯ ಇನ್ನಷ್ಟು ಬಲಿಯಿತು. ಮೈತುಂಬ ಮಸಿ ಬಳಿದುಕೊಂಡು ಹೊರಬಂದು ನೇರವಾಗಿ ಕೇಳಿಬಿಟ್ಟೆ: "ಅಜ್ಜಾರ, ಇಷ್ಟೆಲ್ಲ ಹೇಳಿದ್ರಿ. ಹೇಳದ ಉಳಿಸಿದ್ದು ಏನೈತಿ?"

ಹಿರಿಯರು ತಲೆ ತಗ್ಗಿಸಿದರು. ನಾನು ಗೆದ್ದೆ ಅಂದುಕೊಂಡೆ.

"ಒಂದೈತಿ. ಇದನ್ನ ನಿನ್ನೆನ ಒಬ್ಬರಿಗೆ ಮಾರಿಬಿಟ್ಟೇನಿ. ಪಾಪ, ದಾಂಡೇಲಿಯಿಂದ ಬಂದೀರಿ, ಅಷ್ಟು ಮನಸಿಟ್ಟು ನೋಡಾಕ ಹತ್ತೀರಿ, ಹೆಂಗ ಹೇಳ್ಲಿ? ಚಹಾ ಕುಡೀರಿ."

ಕಮಿಶನ್

ಇಷ್ಟಾದ ಮೇಲೆ ನನ್ನ ಸಂಶಯ ಪಕ್ಕದ ಮನೆಯವರ ಕಡೆ ತಿರುಗಿತು. ಚಾಲೂ ಆಗದ ಕಾರಿಗೂ ಛಲೋ, ಸಾರಾಯಿ ಕಾರಿಗೂ ಛಲೋ! ಮೇಲಾಗಿ, ಹೋದಲ್ಲೆಲ್ಲ ಮಾಲೀಕರನ್ನು ಮೂಲೆಗೆ ಕರೆದುಕೊಂಡು ಹೋಗಿ ಪಿಸುಪಿಸು ಮಾತಾಡುತ್ತಿದ್ದರು. ಮಾರಿಸಿಕೊಟ್ಟರೆ ಇವರಿಗೆ ಕಮಿಶನ್ ಇದೆ, ಖಾತ್ರಿ ಎಂದುಕೊಂಡೆ. ನಮ್ಮ ಮನೆಯ ಸಾರು ಉಂಡ ಮನುಷ್ಯ ಹೀಗೆ ಮಾಡಬಹುದೇ ಎಂದು ನಿಜಕ್ಕೂ ಸಂಕಟವಾಯಿತು.

ಕೋಗಿಲಬನದಲ್ಲಿ ಇನ್ನೊಂದು ಕಾರು ನೋಡಲು ಹೋದಾಗ ಸಾಕ್ಷಿ ಸಮೇತ ಹಿಡಿಯಬೇಕೆಂದು, ಅವರೂ ಕಾರಿನ ಮಾಲೀಕರೂ ಒಳಗೆ ಹೋದ ಕೂಡಲೇ ನಾನು ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕುಳಿತೆ. ಪಕ್ಕದ ಮನೆಯವರ ದನಿ ಅಳು ಬರುವ ಹಾಗಿತ್ತು.

"ಕೈ ಮುಗೀತೇನ್ರಿ, ಇವರಿಗೆ ಹೆಂಗರ ಮಾಡಿ ಈ ಗಾಡಿ ಕೊಟ್ಟುಬಿಡ್ರಿ. ನನ್ನ ಈ ವರ್ಷದ ರಜಾ ಎಲ್ಲಾ ಇವರ ಬೆನ್ನು ಹತ್ತಿ ಮುಗದು ಹೋದವು. ಹೆಂಡ್ತಿ ತವರಿಗೆ ಹೋಗ್ತೇನಿ ಅಂತಾಳ. ಬೇಕಾದ್ರ ಕಮಿಶನ್ ನಾನ ನಿಮಗ ಕೊಡ್ತೇನಿ!"

ತೇರಗಾಂವದ ಅಜ್ಜ

ಅಂದಿನಿಂದ ಪಕ್ಕದ ಮನೆಯವರಿಗೆ ನನ್ನನ್ನು ಕಂಡರೆ ಸೊಂಟನೋವು ಶುರುವಾಗುತ್ತಿತ್ತು. ನೋಡನೋಡುತ್ತ ರಜೆ ಮುಗಿಯಿತು. ಮರುದಿನ ಶಾಲೆ. ಮನೆಯವಳು ಜೋಯಿಡಾದಲ್ಲಿ ಖೋಲಿಯನ್ನೂ ನೋಡಿ ಬಂದು, ಹಾಸಿಗೆ ಸುತ್ತಿ ಪಡಸಾಲೆಯಲ್ಲಿ ಇಟ್ಟಿದ್ದಳು. ಆ ಸುತ್ತಿದ ಹಾಸಿಗೆ ನೋಡಿ ನನ್ನ ಜೀವವೇ ಹಾರಿತು. ಇಷ್ಟು ವರ್ಷ ಇಬ್ಬರೂ ಕೂಡಿ ಜಗಳಾಡಿದ ಮನೆಯಲ್ಲಿ ಇನ್ನು ಒಬ್ಬನೇ ಯಾರ ಜೊತೆ ಜಗಳಾಡಲಿ?

ತೇರಗಾಂವದಲ್ಲಿ ಒಂದು ಬಿಳಿ ಡೀಸೆಲ್ ಅಂಬಾಸಿಡರ್ ಇದೆಯೆಂದು ಯಾರೋ ಹೇಳಿದ್ದರು. "ಇದು ಕಡೇದು, ನೀನೂ ಬಾ" ಎಂದು ಆಕೆಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಮಾಲೀಕರು ಒಂದು ಕಾಲಕ್ಕೆ ದಿಮ್ಮಿ ಲಾರಿ ಓಡಿಸಿದ ಅಜ್ಜ. ಕಣ್ಣು ಮಂಜಾದದ್ದಕ್ಕೆ ಮಾರುತ್ತಿದ್ದರು. ಕೀಲಿ ತಿರುವಿದರೆ ತಣ್ಣಗಿನ ಗಾಡಿ ಒಂದೇ ಏಟಿಗೆ ಚಾಲೂ ಆಯಿತು. ನಾನು ಬಾಗಿಲಿಗೆ ಎರಡು ಸಲ ಬಡಿದೆನೋ ಇಲ್ಲವೋ, ಅಜ್ಜ ನನ್ನ ಕೈ ಹಿಡಿದರು.

"ಯಾಕ ಬಡಿತೀರಿ? ಒಳಗ ಯಾರರ ಅದಾರೇನು?"

ಆಮೇಲೆ ಪರೀಕ್ಷೆ ನನಗೇ ಶುರುವಾಯಿತು. ಎಲ್ಲಿ ನಿಲ್ಲಿಸುತ್ತೀರಿ? ನೆರಳಿದೆಯೇ? ಬೇರೆಯವರಿಗೆ ಕಡ ಕೊಡುತ್ತೀರಾ? ನನ್ನ ಜನ್ಮದಲ್ಲಿ ನನಗಿಂತ ಸಂಶಯದ ಮನುಷ್ಯನನ್ನು ನೋಡಿದ್ದು ಅಂದೇ. ಕಡೆಗೆ ಕೇಳಿದರು: "ಓಡಸವರು ಯಾರು?"

"ನಾನ. ಆದ್ರ ಇನ್ನೂ ಕಲೀಬೇಕ್ರಿ."

"ಯಾವುದರ ಮ್ಯಾಲ ಕಲೀತೀರಿ?"

"ಇದರ ಮ್ಯಾಲನ."

ಅಜ್ಜ ಎಂಜಿನ್ ಬಂದ್ ಮಾಡಿ, ಕೀಲಿಯನ್ನು ತೆಗೆದು ಬನಿಯನ್ನಿನ ಕಿಸೆಯಲ್ಲಿ ಇಟ್ಟುಕೊಂಡರು. "ಬಸ್ಸು ಈಗ ಬರತೈತಿ. ಹೋಗಿಬರ್ರಿ."

ನಾನು ಬೇಡಿಕೊಂಡೆ. ಅಜ್ಜ ಕಲ್ಲು. ಕಣ್ಣ ಮುಂದೆ ಪಡಸಾಲೆಯ ಹಾಸಿಗೆಯ ಸುತ್ತು ಬಂದು ನಿಂತಿತು. ಅಷ್ಟರಲ್ಲಿ ಮನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಅಜ್ಜಾರ, ಕೀಲಿ ಇತ್ಲಾಗ ಕೊಡ್ರಿ. ನೀವು ಬಾಜೂಕ ಕೂಡ್ರಿ." ನನ್ನ ಕಡೆ ತಿರುಗಿ, "ನೀವು ಹಿಂದ" ಎಂದಳು.

ಕೆರೆಯ ತನಕ ಹೋಗಿ, ತಿರುಗಿಸಿ, ಎತ್ತಿನ ಗಾಡಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹಿಂದಕ್ಕೆ ಹೊಡೆದು, ಎಲ್ಲಿಂದ ತೆಗೆದಿದ್ದಳೋ ಅಲ್ಲಿಯೇ ತಂದು ನಿಲ್ಲಿಸಿದಳು. ನಾನು ಹಿಂದಿನ ಸೀಟಿನಿಂದಲೇ ಮುಂದಕ್ಕೆ ಬಾಗಿ ಕೇಳಿದೆ:

"ಯಾವಾಗ ಕಲತಿ?"

"ನೀವು ಕಾರು ನೋಡಾಕ ಹೋದಾಗೆಲ್ಲಾ. ಲೈಸೆನ್ಸೂ ಬಂದೈತಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕಲಿಸಾವನ ಮ್ಯಾಲೂ ಸಂಶೇ ಪಡ್ತಿದ್ರಿ. ನಾನೂ ಕಲೀತಿದ್ದಿಲ್ಲ."

ಅಜ್ಜ ಇಳಿದು, ಕಾರಿನ ಮೈ ಮೇಲೊಮ್ಮೆ ಕೈ ಆಡಿಸಿ, ಕಾಗದಪತ್ರ ತಂದು ಆಕೆಯ ಕೈಗೇ ಕೊಟ್ಟರು. ನನಗೆ ಆನಂದದಿಂದ ಕಣ್ಣಲ್ಲಿ ನೀರು ಬಂತು. ಅಜ್ಜ ಹಿಂದಿನ ಸೀಟಿನಲ್ಲಿದ್ದ ನನ್ನನ್ನು ಮಂಜುಗಣ್ಣಿನಿಂದಲೇ ಇಣುಕಿ ನೋಡಿ, ಆಕೆಗೆ ಹೇಳಿದರು:

"ಅಕ್ಕೋರ, ಗಾಡಿ ನಿಮಗ ಕೊಟ್ಟೆ. ಆದ್ರ ಒಂದ ಕರಾರು. ಇವರಿಗೆ ಮಾತ್ರ ಕಲಿಸಬ್ಯಾಡ್ರಿ."